ಹನ್ನೊಂದು ಬೆಂಚು

ನಮ್ಮ ಮನೆಯಲ್ಲಿ ಡಿಸ್ನಿಲ್ಯಾಂಡ್ ಮಾತು ಬಂದರೆ ಜಗಳ ಗ್ಯಾರಂಟಿ. ಹೋದವರು ಐದು ಜನ. ಒಂದೇ ದಿನ, ಒಂದೇ ಗೇಟು. ಆದರೂ ಒಬ್ಬರ ನೆನಪಿಗೂ ಇನ್ನೊಬ್ಬರ ನೆನಪಿಗೂ ತಾಳೆಯೇ ಆಗುವುದಿಲ್ಲ. ಆವತ್ತು ರಾತ್ರಿ ಅಪ್ಪ ಅಮ್ಮ ಕಳೆದುಹೋಗಿದ್ದರು, ತಾನೇ ಹುಡುಕಿದ್ದು ಅನ್ನುತ್ತಾರೆ ಇವರು. ಹುಡುಕಿದ್ದು ನಾನು. ಅಮ್ಮನನ್ನು ಕೇಳಿದರೆ, ಕಳೆದುಹೋಗಿದ್ದು ಯಾರು ಅಂತ ತಿರುಗಿ ಕೇಳುತ್ತಾಳೆ. ಮಗಳಿಗೆ ಆಗ ಐದು ವರ್ಷ. ಅವಳು ಹೇಳುವ ಕಥೆಯಲ್ಲಿ ರೈಡುಗಳೇ ಇಲ್ಲ.

ಮಾತು ಜೋರಾದರೆ ಅಪ್ಪ 2018ರ ಡೈರಿ ತೆಗೆಯುತ್ತಾರೆ. ಅಂಗೈಯಷ್ಟು ದೊಡ್ಡ ಪುಸ್ತಕ. ಆ ದಿನದ ಪುಟದಲ್ಲಿ ಅವರು ಕೂತ ಬೆಂಚುಗಳ ಲೆಕ್ಕ ಇದೆ. ಒಟ್ಟು ಹನ್ನೊಂದು. ಎಷ್ಟು ಗಂಟೆಗೆ ಕೂತರು, ಎಷ್ಟಕ್ಕೆ ಎದ್ದರು, ಎದುರಿಗೆ ಏನು ಕಾಣುತ್ತಿತ್ತು, ಎಲ್ಲ ಬರೆದಿದ್ದಾರೆ. ನಾವು ತೆಗೆದ ಮುನ್ನೂರು ಫೋಟೋಗಳಿಗಿಂತ ಆ ಒಂದು ಪುಟ ಹೆಚ್ಚು ಕೆಲಸಕ್ಕೆ ಬಂದಿದೆ.

ಜುಲೈ ತಿಂಗಳು. ಕ್ಯಾಲಿಫೋರ್ನಿಯಾದ ಅನಹೈಮ್. ಬೆಳಿಗ್ಗೆ ಗೇಟು ತೆರೆಯುವ ಮೊದಲೇ ಹೋಗಿ ನಿಂತಿದ್ದೆವು. ಇವರಿಗೆ ಎಲ್ಲಿಗೆ ಹೋದರೂ ಆ ಜಾಗದ ಬಗ್ಗೆ ಮೊದಲೇ ಓದಿಕೊಂಡು ಬರುವ ಚಟ. ಕ್ಯೂನಲ್ಲೇ ಪಾಠ ಶುರುವಾಯಿತು. ಡಿಸ್ನಿಲ್ಯಾಂಡ್ ಶುರುವಾಗಿದ್ದು 1955ರ ಜುಲೈ 17ಕ್ಕೆ. ಮೊದಲ ದಿನ ನಕಲಿ ಟಿಕೆಟ್ ಹಿಡಿದು ಸಾವಿರಾರು ಜನ ಒಳಗೆ ನುಗ್ಗಿದ್ದರಂತೆ. ಹೊಸದಾಗಿ ಹಾಕಿದ ಡಾಂಬರು ಬಿಸಿಲಿಗೆ ಮೆತ್ತಗಾಗಿ ಹೆಂಗಸರ ಹೈಹೀಲ್ಸ್ ಅದರಲ್ಲೇ ಹೂತುಕೊಂಡವಂತೆ. ಅಮ್ಮ ತನ್ನ ಚಪ್ಪಲಿ ನೋಡಿಕೊಂಡು, "ಸದ್ಯ, ಆವತ್ತು ನಾವು ಬರ್ಲಿಲ್ಲ" ಅಂದಳು.

ಒಳಗೆ ಹೋದ ಕೂಡಲೇ ನಾವು ಮೂವರು ಓಡಿದೆವು. ಅಪ್ಪ ಕೂತರು. ಮೊದಲ ಬೆಂಚು, ಮೇನ್ ಸ್ಟ್ರೀಟ್. ಅವರಿಗೆ ಮಂಡಿ ನೋವು ಇತ್ತು ನಿಜ. ಆದರೆ ಕಾರಣ ಅದೊಂದೇ ಅಲ್ಲ ಅಂತ ನನಗೆ ಗೊತ್ತು. ತಲೆಕೆಳಗಾಗಿ ತಿರುಗಿಸಿಕೊಳ್ಳಲು ದುಡ್ಡು ಕೊಡುವುದು ಅವರಿಗೆ ಇವತ್ತಿಗೂ ಅರ್ಥವಾಗದ ವಿಷಯ. ಅಲ್ಲಿ ತಲೆಕೆಳಗಾಗಿಸುವ ರೈಡೇ ಇಲ್ಲ ಅಪ್ಪ, ಇದ್ದರೆ ಪಕ್ಕದ ಇನ್ನೊಂದು ಪಾರ್ಕಿನಲ್ಲಿ ಅಂದರೂ ಕೇಳಲಿಲ್ಲ.

ಅರ್ಧ ಗಂಟೆ ಬಿಟ್ಟು ಬಂದಾಗ ಅಪ್ಪ ಒಂದು ಮೋಸ ಕಂಡುಹಿಡಿದಿದ್ದರು. "ಮೇಲಿನ ಕಿಟಕಿ ನೋಡು. ಕೆಳಗಿನದಕ್ಕಿಂತ ಸಣ್ಣ ಇದೆ. ಈ ಮಹಡಿಯಲ್ಲಿ ಮನುಷ್ಯ ನಿಲ್ಲೋಕಾಗಲ್ಲ." ನಿಜ. ಆ ಬೀದಿಯ ಕಟ್ಟಡಗಳನ್ನು ಮೇಲೆ ಹೋದ ಹಾಗೆ ಸಣ್ಣ ಅಳತೆಯಲ್ಲಿ ಕಟ್ಟಿದ್ದಾರೆ, ಕಣ್ಣಿಗೆ ಎತ್ತರ ಕಾಣಲಿ ಅಂತ. ಬೀದಿಯ ಕೊನೆಯ ಕೋಟೆಗೂ ಅದೇ ಉಪಾಯ. ಮೇಲಕ್ಕೆ ಹೋದಂತೆ ಕಲ್ಲುಗಳು ಚಿಕ್ಕದಾಗುತ್ತವೆ. ಆ ಕೋಟೆ ಬರೀ 77 ಅಡಿ. ನಮ್ಮವರು ಇಷ್ಟೆಲ್ಲ ಓದಿಕೊಂಡು ಬಂದಿದ್ದರು. ಅಪ್ಪ ಸುಮ್ನೆ ಕೂತು ನೋಡಿ ಹೇಳಿದರು. ಇವರ ಮುಖ ಆಗ ನೋಡಬೇಕಿತ್ತು.

ಅಮ್ಮ ಕಂಡಿದ್ದು ಬೇರೆ. ಅಗ್ನಿಶಾಮಕ ಠಾಣೆಯ ಥರ ಇರುವ ಒಂದು ಕಟ್ಟಡ. ಅದರ ಮೇಲಿನ ಕಿಟಕಿಯಲ್ಲಿ ದೀಪ. "ಹಗಲು ಹೊತ್ತಲ್ಲಿ ದೀಪ ಯಾಕೆ ಉರಿಸ್ತಾರೆ? ಆರಿಸೋದು ಮರೆತಿದ್ದಾರೇನೋ." ಅದು ವಾಲ್ಟ್ ಡಿಸ್ನಿಯ ಮನೆ. ಪಾರ್ಕು ನೋಡಿಕೊಳ್ಳಲು ಬಂದಾಗ ಉಳಿಯಲೆಂದು ಆ ಠಾಣೆಯ ಮೇಲೆ ಪುಟ್ಟ ಮನೆ ಮಾಡಿಕೊಂಡಿದ್ದ. 1966ರಲ್ಲಿ ಅವನು ತೀರಿಕೊಂಡ. ಅವನ ನೆನಪಿಗೆ ಅಂತ ಆ ದೀಪ ಉರಿಸುತ್ತಾರೆ. ಹೇಳಿದಾಗ ಅಮ್ಮ ಏನೂ ಮಾತಾಡಲಿಲ್ಲ. ಸ್ವಲ್ಪ ದೂರ ಹೋದ ಮೇಲೆ, "ಕತ್ತಲಾದ ಮೇಲೆ ಇನ್ನೊಂದು ಸಲ ನೋಡ್ಬೇಕು" ಅಂದಳು. ನಾನು ಹೂಂ ಅಂದು ಮರೆತೂಬಿಟ್ಟೆ. ಅದು ದೊಡ್ಡ ತಪ್ಪಾಯಿತು ಅಂತ ರಾತ್ರಿ ಗೊತ್ತಾಯಿತು.

ಬೆಳಗಿನ ರೈಡುಗಳ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಸ್ಪೇಸ್ ಮೌಂಟನ್ ಒಳಗೆ ಪೂರ್ತಿ ಕತ್ತಲು. ನಮ್ಮ ಕಾರು ಹೆದ್ದಾರಿಯಲ್ಲಿ ಅದಕ್ಕಿಂತ ಜೋರಾಗಿ ಓಡುತ್ತದೆ. ಆದರೆ ಮುಂದಿನ ತಿರುವು ಕಾಣದಿದ್ದರೆ ಪ್ರಾಣ ಬಾಯಿಗೆ ಬರುತ್ತದೆ. ಕಿರುಚಿದ್ದು ನಾನು. ಮಗಳು ಇಳಿದವಳೇ "ಅಮ್ಮ, ಅಳ್ಬೇಡ" ಅಂದಳು.

ಜಂಗಲ್ ಕ್ರೂಸ್ ಮಾತ್ರ ಐವರೂ ಒಟ್ಟಿಗೆ ಹೋದೆವು. ದೋಣಿ, ಸುತ್ತಲೂ ಕಾಡು, ನೀರಿನಿಂದ ತಲೆ ಎತ್ತುವ ನೀರಾನೆಗಳು. ಎಲ್ಲ ಯಂತ್ರ. ಮೊದಲು ನಿಜವಾದ ಪ್ರಾಣಿಗಳನ್ನೇ ಬಿಡುವ ಯೋಚನೆ ಇತ್ತಂತೆ. ಅವು ಹಗಲೆಲ್ಲ ಮಲಗಿರುತ್ತವೆ, ಬಂದವರಿಗೆ ಏನೂ ಕಾಣಲ್ಲ ಅಂತ ತಿಳಿದವರು ಹೇಳಿದ ಮೇಲೆ ಯಂತ್ರಕ್ಕೆ ಬಂದರು. ದೋಣಿ ನಡೆಸುವ ಹುಡುಗ ದಾರಿಯುದ್ದಕ್ಕೂ ಹಳಸಲು ಜೋಕು ಹೇಳುತ್ತಿದ್ದ. ಅಲ್ಲಿ ಅದೇ ಸಂಪ್ರದಾಯ. ಜಲಪಾತದ ಹಿಂದೆ ದೋಣಿ ಹೋದಾಗ, ನೋಡಿ, ಇದು ನೀರಿನ ಬೆನ್ನು ಅಂತ ಭಾರೀ ಗತ್ತಿನಲ್ಲಿ ತೋರಿಸಿದ. ಅಪ್ಪ ನಕ್ಕಿದ್ದು ನೋಡಿ ನನಗೆ ಆಶ್ಚರ್ಯ. ಕಣ್ಣಲ್ಲಿ ನೀರು ಬರುವಷ್ಟು ನಗು. ಅಪ್ಪ ಹಾಗೆ ನಕ್ಕಿದ್ದನ್ನು ನಾನು ನೋಡಿ ಎಷ್ಟು ವರ್ಷ ಆಗಿತ್ತೋ.

ಮಧ್ಯಾಹ್ನ ಮ್ಯಾಟರ್‌ಹಾರ್ನ್ ಹತ್ತಿರ ಬಂದೆವು. ಸ್ವಿಟ್ಜರ್ಲೆಂಡಿನ ಪರ್ವತದ ನೂರನೇ ಒಂದು ಪಾಲು ಎತ್ತರದ ನಕಲು, 147 ಅಡಿ. ಅದರ ಹೊಟ್ಟೆಯೊಳಗೆ ಬಂಡಿ ಓಡುತ್ತದೆ. ಉಕ್ಕಿನ ಕೊಳವೆಗಳಿಂದ ಹಳಿ ಮಾಡಿದ ಮೊದಲ ರೋಲರ್ ಕೋಸ್ಟರ್ ಇದೇ, 1959ರದು. ಒಳಗೆ ಹಿಮಮಾನವ ಬೇರೆ ಇದ್ದಾನೆ. ಮಗಳು ಬೆಳಿಗ್ಗೆಯಿಂದ ಅವನದೇ ಜಪ. ಕ್ಯೂ ಬಾಗಿಲಲ್ಲಿ ಒಬ್ಬಳು ಹುಡುಗಿ ಅಳತೆ ಕೋಲು ಹಿಡಿದು ನಿಂತಿದ್ದಳು. ಇಲ್ಲಿಗೆ 42 ಇಂಚು ಬೇಕು. ಸ್ಪೇಸ್ ಮೌಂಟನ್‌ಗೆ 40 ಸಾಕಿತ್ತು. ಮಗಳು ಬೆನ್ನು ನೆಟ್ಟಗೆ ಮಾಡಿ, ಕತ್ತು ಉದ್ದ ಮಾಡಿ ನಿಂತಳು. ಅರ್ಧ ಇಂಚು ಕಮ್ಮಿ. ಆ ಹುಡುಗಿ ಮಂಡಿಯೂರಿ ಕೂತು, ಮುಂದಿನ ಸಲ ಖಂಡಿತ ಅಂತ ಸಮಾಧಾನ ಹೇಳಿದಳು. ಪಾಪ, ಅವಳೇನು ಮಾಡುತ್ತಾಳೆ? ತಪ್ಪು ನಮ್ಮದು. ಮನೆಯಲ್ಲಿ ಗೋಡೆಗೆ ನಿಲ್ಲಿಸಿ ಅಳೆದಾಗ ಜುಟ್ಟನ್ನೂ ಸೇರಿಸಿ ಅಳೆದಿದ್ದೆವು.

ಅಳು ಅಂದರೆ ಅಂಥ ಅಳು.

ಅಲ್ಲಿ ಒಂದು ಅನುಕೂಲ ಇದೆ. ಮಗು ಹತ್ತುವಂತಿಲ್ಲ ಅಂತಾದರೆ ಅಪ್ಪ ಅಮ್ಮ ಸರದಿಯಲ್ಲಿ ಹೋಗಬಹುದು. ಎರಡನೆಯವರು ಮತ್ತೆ ಪೂರ್ತಿ ಕ್ಯೂ ನಿಲ್ಲಬೇಕಿಲ್ಲ. ಬೇಡವೆಂದೆ. ಅಪ್ಪ ಬಿಡಲಿಲ್ಲ. "ನೀವಿಬ್ರೂ ಹೋಗಿ ಬನ್ನಿ. ನಾವು ಇಲ್ಲಿರ್ತೀವಿ. ನಮಗೆ ಕೆಲಸ ಇದೆ, ಅಲ್ವಾ ಪುಟ್ಟಿ?" ಮಗಳು ಬಿಕ್ಕುತ್ತಲೇ ತಾತನ ಮುಖ ನೋಡಿದಳು. ಅಂಥ ಕೆಲಸ ಏನು ಅಂತ ಅವಳಿಗೂ ಗೊತ್ತಿರಲಿಲ್ಲ.

ಕೆಲಸ ಏನೆಂದರೆ ಲೆಕ್ಕ. ಬಂಡಿಯಿಂದ ಇಳಿದು ಹೊರಗೆ ಬರುವವರ ಮುಖ ನೋಡುವುದು. ನಗುತ್ತಾ ಬಂದವರು ಎಷ್ಟು, ಅಳುತ್ತಾ ಬಂದವರು ಎಷ್ಟು, ಹೆದರಿದ್ದರೂ ಹೆದರಿಲ್ಲ ಅಂತ ನಟಿಸುವವರು ಎಷ್ಟು. ಡೈರಿಯಲ್ಲಿ ಇವತ್ತಿಗೂ ಆ ಗೀಟುಗಳಿವೆ. ನಗು 61. ಅಳು 7. ನಟನೆ 19. ಆ ನಟನೆಯ 19ರಲ್ಲಿ ಇವರೂ ಒಬ್ಬರು. ನಾವು ವಾಪಸ್ ಬಂದಾಗ ಮಗಳು ಎದ್ದು ಬರಲು ಒಪ್ಪಲಿಲ್ಲ. "ಇರಮ್ಮ, ಇನ್ನೂ ಮೂರು ಬಂಡಿ ಬರ್ಬೇಕು." ಅದು ಆರನೇ ಬೆಂಚು. ಅಲ್ಲಿ ಒಂದೂ ಕಾಲು ಗಂಟೆ ಕೂತಿದ್ದರು ಅಂತ ಡೈರಿ ಹೇಳುತ್ತದೆ.

ಬಿಸಿಲು ಜಾಸ್ತಿಯಾದಾಗ ತಣ್ಣಗೆ ಕೂರಲು ಒಂದು ಜಾಗ ಹುಡುಕಿಕೊಂಡು ಮೇನ್ ಸ್ಟ್ರೀಟಿನ ಆಪೆರಾ ಹೌಸ್ ಒಳಗೆ ಹೋದೆವು. ಅಲ್ಲಿ ಒಂದು ಹಳೇ ಬೆಂಚು ಇಟ್ಟಿದ್ದಾರೆ. ಸಾಧಾರಣ ಪಾರ್ಕ್ ಬೆಂಚು. ಲಾಸ್ ಏಂಜಲೀಸಿನ ಗ್ರಿಫಿತ್ ಪಾರ್ಕಿನಿಂದ ತಂದದ್ದು. ವಾಲ್ಟ್ ಡಿಸ್ನಿ ಶನಿವಾರ ಆದರೆ ತನ್ನ ಇಬ್ಬರು ಹೆಣ್ಣುಮಕ್ಕಳನ್ನು ಆ ಪಾರ್ಕಿಗೆ ಕರೆದುಕೊಂಡು ಹೋಗುತ್ತಿದ್ದ. ಮಕ್ಕಳು ತಿರುಗುವ ಮರದ ಕುದುರೆ ಹತ್ತುತ್ತಿದ್ದರು. ಅಪ್ಪ ಬೆಂಚಿನ ಮೇಲೆ ಕೂತು ಕಡಲೆಕಾಯಿ ತಿನ್ನುತ್ತಿದ್ದ. ಹಾಗೆ ಕೂತಾಗಲೇ ಅವನಿಗೆ ಅನ್ನಿಸಿತಂತೆ: ಮಕ್ಕಳೂ ದೊಡ್ಡವರೂ ಒಟ್ಟಿಗೆ ಆಡುವ ಜಾಗ ಒಂದು ಇರಬೇಕು.

ಅಪ್ಪ ಆ ಬೆಂಚಿನ ಮುಂದೆ ತುಂಬ ಹೊತ್ತು ನಿಂತರು. ಆಮೇಲೆ ನಗುತ್ತಾ ಹೇಳಿದರು. "ಅವನು ಬೆಂಚಲ್ಲಿ ಕೂತು ಬೇಜಾರಾಗಿ ಇಷ್ಟೆಲ್ಲ ಕಟ್ಟಿದ. ನಾನು ಇಷ್ಟು ದೂರ ಬಂದು ಬೆಂಚೇ ಹುಡುಕ್ತಿದೀನಿ."

ಸಂಜೆ ಅಪ್ಪ ಅಮ್ಮ ಉಗಿಬಂಡಿ ಹತ್ತಿದರು. ಅದು ಪಾರ್ಕಿನ ಸುತ್ತ ಓಡುತ್ತದೆ. ಡಿಸ್ನಿಗೆ ರೈಲಿನ ಹುಚ್ಚು. ಸ್ವಂತ ಮನೆಯ ಹಿತ್ತಲಲ್ಲೇ ಪುಟ್ಟ ಉಗಿಬಂಡಿ ಓಡಿಸುತ್ತಿದ್ದವನು. ದಾರಿಯಲ್ಲಿ ಗ್ರ್ಯಾಂಡ್ ಕ್ಯಾನ್ಯನ್ನಿನ ದೃಶ್ಯ, ಅದರ ಪಕ್ಕದಲ್ಲೇ ಡೈನೋಸಾರುಗಳು. "ಇದೇನು, ಒಂದು ಸುರಂಗ ದಾಟಿದ್ರೆ ಕೋಟಿ ವರ್ಷ ಹಿಂದಕ್ಕೆ" ಅಂತ ಅಮ್ಮ. ಮೂರು ಸುತ್ತು ಹೋದರು. ರೈಲಿನ ಸೀಟನ್ನು ಬೆಂಚು ಅಂತ ಲೆಕ್ಕ ಹಿಡಿಯಬೇಕೋ ಬೇಡವೋ ಅನ್ನುವ ಬಗ್ಗೆ ಡೈರಿಯಲ್ಲಿ ಒಂದು ಪ್ರಶ್ನೆ ಚಿಹ್ನೆ ಇದೆ. ಕೊನೆಗೆ ಹಿಡಿದಿಲ್ಲ.

ಇಟ್ಸ್ ಎ ಸ್ಮಾಲ್ ವರ್ಲ್ಡ್‌ನ ದೋಣಿ ಅಮ್ಮನ ಪಾಲಿನದು. 1964ರ ನ್ಯೂಯಾರ್ಕ್ ವಿಶ್ವ ಮೇಳಕ್ಕೆ ಮಾಡಿದ್ದನ್ನು ಆಮೇಲೆ ಇಲ್ಲಿಗೆ ತಂದಿದ್ದಾರೆ. ದೇಶ ದೇಶದ ಗೊಂಬೆಗಳು, ಒಂದೇ ಹಾಡು. ತಾಜ್ ಮಹಲ್ ಕಂಡ ಕೂಡಲೇ ಅಮ್ಮ ಗೊಂಬೆಗಳಿಗೆ ಕೈ ಬೀಸಿದಳು. ಆ ಹಾಡು ಇವರ ತಲೆಯಿಂದ ಹೋಗಲು ಒಂದು ವಾರ ಹಿಡಿಯಿತು.

ಇನ್ನು ರಾತ್ರಿಯ ವಿಷಯ. ಒಂಬತ್ತೂವರೆಗೆ ಬಾಣಬಿರುಸು. ಕೋಟೆಯ ಮುಂದೆ ಎಲ್ಲರೂ ಸೇರುವುದು ಅಂತ ಮಾತಾಗಿತ್ತು. ನಾವು ಮಗಳನ್ನು ತಿರುಗುವ ಟೀ ಕಪ್ಪುಗಳಿಗೆ ಕರೆದುಕೊಂಡು ಹೋಗಿ ವಾಪಸ್ ಬಂದರೆ ಅಪ್ಪ ಇಲ್ಲ, ಅಮ್ಮ ಇಲ್ಲ. ಎತ್ತ ನೋಡಿದರೂ ಜನ. ಅಪ್ಪನ ಫೋನ್ ಎಂದಿನಂತೆ ಆಫ್. ಇವರ ಫೋನಿನಲ್ಲಿ ಚಾರ್ಜ್ ಇಲ್ಲ, ದಿನವಿಡೀ ವಿಡಿಯೋ ತೆಗೆದಿದ್ದಕ್ಕೆ. ನನಗೆ ಕೈಕಾಲು ತಣ್ಣಗಾಯಿತು. ಒಂದೊಂದು ಬೆಂಚೂ ಹುಡುಕುತ್ತಾ ಗೇಟಿನ ಕಡೆಗೆ ಓಡಿದೆವು. ಕೊನೆಗೆ ಆ ಅಗ್ನಿಶಾಮಕ ಠಾಣೆಯ ಎದುರು, ಒಂದು ಬೆಂಚಿನಲ್ಲಿ, ಇಬ್ಬರೂ ಅಕ್ಕಪಕ್ಕ ಕೂತಿದ್ದರು. ಅಮ್ಮನ ಚಪ್ಪಲಿ ಪಕ್ಕಕ್ಕೆ ಬಿಚ್ಚಿಟ್ಟಿತ್ತು. ಮೇಲೆ ಕಿಟಕಿಯಲ್ಲಿ ದೀಪ.

ನಾನು ಕೂಗಾಡಿದೆ. ಎಲ್ಲರೆದುರು. ಅದನ್ನು ನೆನೆಸಿಕೊಂಡರೆ ಈಗಲೂ ನಾಚಿಕೆ. ಅಮ್ಮ ಶಾಂತವಾಗಿ, "ಬೆಳಿಗ್ಗೆನೇ ಹೇಳಿದ್ನಲ್ಲ" ಅಂದಳು. ಯಾರು ಯಾರನ್ನು ಹುಡುಕಿದರು ಅನ್ನುವ ಜಗಳ ನಡೆಯುವಾಗಲೆಲ್ಲ ಅಪ್ಪ ಓದುವುದು ಈ ಸಾಲುಗಳನ್ನೇ: "11ನೇ ಬೆಂಚು. 8.50ರಿಂದ. ದೀಪ ಚೆನ್ನಾಗಿದೆ. ಮಕ್ಕಳು ಎಲ್ಲೋ ಕಳೆದುಹೋಗಿದ್ದಾರೆ. 9.20ಕ್ಕೆ ಸಿಕ್ಕರು."

ಮಾರನೇ ದಿನ ಬೇರೆ ಕಡೆ ಹೋಗುವ ಯೋಚನೆ ಇತ್ತು. ಅಪ್ಪ ಹಟ ಹಿಡಿದು ಗ್ರಿಫಿತ್ ಪಾರ್ಕಿಗೆ ಕರೆದುಕೊಂಡು ಹೋಗಲು ಹೇಳಿದರು. ಅವರು ಏನನ್ನೂ ಹಟ ಹಿಡಿದು ಕೇಳುವವರಲ್ಲ. ಹೋದೆವು. ಮರಗಳ ನಡುವೆ ಆ ಮರದ ಕುದುರೆಗಳು ಇದ್ದವು. 1926ರಲ್ಲಿ ಮಾಡಿದ್ದು, 68 ಕುದುರೆ. ಬಣ್ಣ ಅಲ್ಲಲ್ಲಿ ಮಾಸಿದೆ. ಹಳೇ ಕಾಲದ ವಾದ್ಯ ಜೋರಾಗಿ ನುಡಿಯುತ್ತಿತ್ತು. ಹಿಂದಿನ ದಿನದ ಗದ್ದಲದ ಮುಂದೆ ಇದು ಏನೂ ಅಲ್ಲ. ಮಗಳು ಒಂದು ಕುದುರೆ ಆರಿಸಿ ಕೂತಳು. ನಾನು ಫೋಟೋ ತೆಗೆಯಲು ತಿರುಗುವಷ್ಟರಲ್ಲಿ ಅಪ್ಪ ಅವಳ ಪಕ್ಕದ ಕುದುರೆಯ ರಿಕಾಪಿಗೆ ಕಾಲಿಟ್ಟಿದ್ದರು. ಮಂಡಿ ನೋವಿನ ಅಪ್ಪ. ಒಂದು ಸಲ ಜಾರಿದರು. ಎರಡನೇ ಸಲ ಹತ್ತಿದರು. ಕುದುರೆ ಮೇಲೆ ಕೆಳಗೆ ಹೋಗುವಾಗ ಕಂಬವನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದಿದ್ದರು. ಮುಖ ಮಾತ್ರ ನಟನೆಯ ಪಟ್ಟಿಗೆ ಸೇರಿಸುವಂಥದ್ದು.

ನಾನೂ ಅಮ್ಮನೂ ಬೆಂಚಿನಲ್ಲಿ ಕೂತು ನೋಡಿದೆವು. ಆ ದಿನದ ಡೈರಿಯಲ್ಲಿ ಬೆಂಚಿನ ಲೆಕ್ಕ ಇಲ್ಲ.

ಐದು ವರ್ಷ ಕಳೆದು, 2023ರ ಬೇಸಿಗೆಯಲ್ಲಿ ಮತ್ತೆ ಅನಹೈಮಿಗೆ ಹೋದೆವು. ಈ ಸಲ ನಾವು ಮೂವರೇ. ಅಪ್ಪನಿಗೆ ಅಷ್ಟು ದೂರದ ಪ್ರಯಾಣ ಆಗುವ ಹಾಗಿರಲಿಲ್ಲ. ಮಗಳನ್ನು ಮ್ಯಾಟರ್‌ಹಾರ್ನ್ ಬಾಗಿಲಲ್ಲಿ ಯಾರೂ ಅಳೆಯಲೇ ಇಲ್ಲ. ಅವಳಿಗೆ ಅದೇ ಸ್ವಲ್ಪ ಬೇಜಾರು. ಹತ್ತಿದಳು, ಹಿಮಮಾನವನನ್ನು ನೋಡಿದಳು, ಇಳಿದಳು. "ಇಷ್ಟೇನಾ?" ಅಂದಳು. ಇವರಿಗೂ ನನಗೂ ನಗು ತಡೆಯಲಾಗಲಿಲ್ಲ. ಐದು ವರ್ಷ ಕಾದಿದ್ದು ಇದಕ್ಕೆ.

ಆಮೇಲೆ ಅವಳು ಮುಂದಿನ ರೈಡಿಗೆ ಬರಲಿಲ್ಲ. ಬಂಡಿ ಇಳಿದವರು ಹೊರಗೆ ಬರುವ ಜಾಗದ ಎದುರು ಬೆಂಚು ಹುಡುಕಿ ಕೂತಳು. ಬಿಸಿಲು ಇಳಿದಿರಲಿಲ್ಲ. ನಾವೂ ಕೂತೆವು. ಸುಮಾರು ಹೊತ್ತು. ಸಂಜೆ ತಾತನಿಗೆ ವಿಡಿಯೋ ಕಾಲ್ ಮಾಡಿದಳು. ಅಲ್ಲಿ ಆಗಷ್ಟೇ ಬೆಳಗಾಗಿತ್ತು.

"ತಾತ, ನಗು 48, ಅಳು 3, ನಟನೆ 22."

"ನಟನೆ ಜಾಸ್ತಿಯಾಗಿದೆಯಲ್ಲ" ಅಂದರು ಅಪ್ಪ. ಆಮೇಲೆ ಕನ್ನಡಕ ಹುಡುಕುವ ಸದ್ದು, ಡ್ರಾಯರ್ ಎಳೆಯುವ ಸದ್ದು. "ಎಷ್ಟು ಗಂಟೆಗೆ ಕೂತಿದ್ದು? ಸರಿಯಾಗಿ ಹೇಳು. ಹನ್ನೆರಡನೇದು ಅಂತ ಬರ್ಕೊಳ್ತೀನಿ."