ಶಿವಮೊಗ್ಗ, ಆಗುಂಬೆ, ಜೋಗ ಬಸ್ಸಲ್ಲೇ ಸುತ್ತುವವರಿಗೆ: ಜೋಪಾನದ ಕೆಲವು ಮಾತು

ಕಾರಿಲ್ಲದೆ ಮಲೆನಾಡು ಸುತ್ತೋಕೆ ಆಗುತ್ತಾ ಎಂದು ತುಂಬಾ ಜನ ಕೇಳುತ್ತಾರೆ. ಧಾರಾಳವಾಗಿ ಆಗುತ್ತದೆ. ಅಮ್ಮ, ಮಗಳು ಮತ್ತು ನಾನು ಬೆಂಗಳೂರಿನಿಂದ ರೈಲಲ್ಲಿ ಹೋಗಿ, ಶಿವಮೊಗ್ಗ, ಆಗುಂಬೆ, ಸಾಗರ, ಜೋಗ ಎಲ್ಲವನ್ನೂ ಬಸ್ಸು, ಆಟೋದಲ್ಲೇ ನೋಡಿ ಬಂದೆವು. ಮೂವರೂ ಹೆಂಗಸರೇ ಹೋಗ್ತಿದ್ದೀರಿ, ಹುಷಾರು ಎಂದು ಮನೆಯಲ್ಲಿ ಎಲ್ಲರೂ ಹೇಳಿದ್ದರು. ಯಾವುದಕ್ಕೆ ಹುಷಾರಾಗಿರಬೇಕು ಅನ್ನೋದನ್ನು ಮಾತ್ರ ಯಾರೂ ಬಿಡಿಸಿ ಹೇಳಿರಲಿಲ್ಲ. ನನ್ನ ಪ್ರಕಾರ ಇಲ್ಲಿ ಮುಖ್ಯವಾಗಿ ನೋಡಿಕೊಳ್ಳಬೇಕಾದ್ದು ಎರಡು: ಬಸ್ ಹತ್ತುವಾಗಿನ ನೂಕುನುಗ್ಗಲು, ಮತ್ತು ಸಂಜೆಯ ಕೊನೆ ಬಸ್ಸು. ಉಳಿದದ್ದೆಲ್ಲ ಸಣ್ಣಪುಟ್ಟ.

ಮೊದಲು ರೈಲು. ತಾಳಗುಪ್ಪಕ್ಕೆ ಹೋಗುವ ರಾತ್ರಿ ರೈಲು ಶಿವಮೊಗ್ಗ ಮುಟ್ಟೋದು ಬೆಳಕು ಹರಿಯುವ ಮುಂಚೆ. ಶಿವಮೊಗ್ಗ ಇದರ ಕೊನೆ ನಿಲ್ದಾಣ ಅಲ್ಲ, ಆದ್ದರಿಂದ ಯಾರೂ ನಿಮ್ಮನ್ನು ಎಬ್ಬಿಸೋದಿಲ್ಲ. ಭದ್ರಾವತಿ ದಾಟುವ ಹೊತ್ತಿಗೆ ಎದ್ದು ಕೂತಿರುವ ಹಾಗೆ ಅಲಾರಂ ಇಟ್ಟುಕೊಳ್ಳಿ. ಅರೆನಿದ್ದೆಯಲ್ಲಿ ಗಡಿಬಿಡಿಯಿಂದ ಇಳಿಯುವಾಗಲೇ ಚಾರ್ಜಿಗೆ ಹಾಕಿದ ಫೋನು, ದಿಂಬಿನ ಕೆಳಗಿನ ಪರ್ಸು ಉಳಿದುಹೋಗೋದು. ದೊಡ್ಡ ಬ್ಯಾಗನ್ನು ಸೀಟಿನ ಕೆಳಗಿನ ಕೊಂಡಿಗೆ ಚೈನ್ ಹಾಕಿ ಬೀಗ ಹಾಕಿ. ದುಡ್ಡು, ಫೋನು ಇರುವ ಚಿಕ್ಕ ಚೀಲ ಮೈಮೇಲೇ ಇರಲಿ, ಬಾತ್‌ರೂಮಿಗೆ ಹೋಗುವಾಗಲೂ. ಬರೀ ಜೋಗ ನೋಡುವವರು ಶಿವಮೊಗ್ಗದಲ್ಲಿ ಇಳಿಯೋದೇ ಬೇಡ, ಸಾಗರಕ್ಕೋ ತಾಳಗುಪ್ಪಕ್ಕೋ ನೇರ ಟಿಕೆಟ್ ತಗೊಳ್ಳಿ. ಸಾಗರದ ಸ್ಟೇಷನ್ ಹೆಸರು ‘ಸಾಗರ ಜಂಬಗಾರು’ ಎಂದಿರುತ್ತದೆ. ತಾಳಗುಪ್ಪದಲ್ಲಿ ಇಳಿಯುವ ಹೊತ್ತಿಗೆ ಬೆಳಗಾಗಿರುತ್ತದೆ. ಅಲ್ಲಿಂದ ಜೋಗ ಸುಮಾರು ಹದಿನೈದು ಕಿಲೋಮೀಟರ್.

ಶಿವಮೊಗ್ಗದಲ್ಲಿ ಇಳಿದ ಮೇಲೆ ಕತ್ತಲಿದ್ದರೆ ಸ್ಟೇಷನ್ ಒಳಗೇ ಕೂತಿರಿ. ನಾವು ವೇಯ್ಟಿಂಗ್ ರೂಮಿನಲ್ಲಿ ಮುಖ ತೊಳೆದು, ಕಾಫಿ ಕುಡಿದು, ಬೆಳಕಾದ ಮೇಲೇ ಹೊರಗೆ ಬಂದೆವು. ಬಸ್ ಸ್ಟ್ಯಾಂಡಿಗೆ ಆಟೋ ಬೇಕು. ಹತ್ತುವ ಮುಂಚೆಯೇ ರೇಟು ಕೇಳಿ, ‘ಮೂರು ಜನಕ್ಕೂ ಸೇರಿ ಅಲ್ವಾ, ಲಗೇಜಿಗೆ ಬೇರೆ ಇಲ್ಲ ಅಲ್ವಾ’ ಎಂದು ಬಾಯಿ ಬಿಟ್ಟು ಹೇಳಿಸಿಕೊಳ್ಳಿ. ಆಟೋ ನಂಬರನ್ನು ಮಗಳು ಫೋಟೋ ತೆಗೆದು ಮನೆಗೆ ಕಳಿಸುತ್ತಿದ್ದಳು. ಡ್ರೈವರ್ ಎದುರಿಗೇ ತೆಗೆದರೂ ಯಾರೂ ಬೇಜಾರು ಮಾಡಿಕೊಳ್ಳಲಿಲ್ಲ. ‘ತೆಗೀಲಿ ಬಿಡಿ, ಒಳ್ಳೇದು’ ಎಂದವರೂ ಇದ್ದರು. ‘ಆ ಲಾಡ್ಜ್ ಬೇಡ, ನಾನು ಬೇರೆ ತೋರಿಸ್ತೀನಿ’ ಎನ್ನುವವರು ಸಿಕ್ಕರೆ ಸುಮ್ನೆ ‘ಬೇಡ’ ಎಂದು ಇಳಿದುಬಿಡಿ. ವಾದ ಬೇಡ.

ಇನ್ನು ಬಸ್ ಸ್ಟ್ಯಾಂಡು. ಶಿವಮೊಗ್ಗದಲ್ಲಿ ಗೌರ್ಮೆಂಟ್ ಬಸ್ ಸ್ಟ್ಯಾಂಡು, ಪ್ರೈವೇಟ್ ಬಸ್ ಸ್ಟ್ಯಾಂಡು ಅಕ್ಕಪಕ್ಕದಲ್ಲೇ ಇವೆ. ವಾರದ ಮಧ್ಯೆ ಎಲ್ಲ ಸಲೀಸು. ಶನಿವಾರ ಬೆಳಿಗ್ಗೆ, ಹಬ್ಬದ ಹಿಂದಿನ ದಿನ, ರಜೆ ಶುರುವಾಗುವ ದಿನ ಮಾತ್ರ ಬೇರೆಯೇ ಕಥೆ. ನಾವು ಸಾಗರದ ಬಸ್ಸಿಗೆ ನಿಂತಿದ್ದು ಅಂಥದ್ದೇ ಶನಿವಾರ. ಬಸ್ಸು ಇನ್ನೂ ನಿಂತಿರಲಿಲ್ಲ, ಜನ ಅದರ ಜೊತೆಗೇ ಓಡುತ್ತಿದ್ದರು. ಒಬ್ಬರು ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿದರು, ಇನ್ನೊಬ್ಬರು ಕೈಚೀಲ ತೂರಿಸಿದರು. ಬಾಗಿಲಲ್ಲಿ ಒಬ್ಬ ಮೆಟ್ಟಿಲ ಮೇಲೆ ಕಾಲಿಟ್ಟು ಹಾಗೇ ನಿಂತುಬಿಟ್ಟ. ಒಳಗೂ ಹೋಗಲಿಲ್ಲ, ಕೆಳಗೂ ಇಳಿಯಲಿಲ್ಲ. ಏನೋ ಬಿದ್ದುಹೋದವನ ಹಾಗೆ ನೆಲ ನೋಡುತ್ತಿದ್ದ. ಹಿಂದಿದ್ದವರೆಲ್ಲ ಒಬ್ಬರ ಮೇಲೊಬ್ಬರು ಒತ್ತಿಕೊಂಡರು. ಅಮ್ಮನ ಬೆನ್ನಿಗೇ ಅಂಟಿ ನಿಂತಿದ್ದವನ ತೋಳ ಮೇಲೆ ಮಡಿಸಿದ ಜರ್ಕಿನ್ ಇತ್ತು. ಜರ್ಕಿನ್ ಕೆಳಗಿನ ಕೈ ಮಾತ್ರ ಕಾಣುತ್ತಿರಲಿಲ್ಲ.

ಪಕ್ಕದಲ್ಲಿ ಹೂವಿನ ಬುಟ್ಟಿ ಹಿಡಿದು ನಿಂತಿದ್ದ ಅಜ್ಜಿಯೊಬ್ಬರು ಅಮ್ಮನ ಭುಜ ಹಿಡಿದು ಈಚೆಗೆ ಎಳೆದರು. ‘ಎಂತಕ್ಕೆ ಅವಸರ ಮಾರಾಯ್ರೆ? ಬ್ಯಾಗ್ ಮುಂದೆ ಹಾಕ್ಕಳಿ. ಹಿಂದೇನೇ ಇನ್ನೊಂದು ಬಸ್ ಇದೆ.’ ನೋಡಿದರೆ ಅಮ್ಮನ ಬ್ಯಾಗಿನ ಜಿಪ್ಪು ಅರ್ಧ ತೆರೆದಿತ್ತು. ಏನೂ ಹೋಗಿರಲಿಲ್ಲ. ಅವನು ಕಳ್ಳನೇ ಎಂದು ನಾನು ಹೇಳಲಾರೆ. ಆದರೆ ಜೇಬು ಕತ್ತರಿಸುವವರ ಕೆಲಸ ನಡೆಯೋದು ಹೀಗೇ: ಮುಂದೆ ಒಬ್ಬ ತಡೆದು ನಿಲ್ಲುತ್ತಾನೆ, ಹಿಂದೆ ಒಬ್ಬ ಒತ್ತುತ್ತಾನೆ, ಕೈಯನ್ನು ಬಟ್ಟೆಯೋ ಪೇಪರೋ ಮುಚ್ಚಿರುತ್ತದೆ. ಬಸ್ ಹೊರಟ ಮೇಲೆ ಇಬ್ಬರೂ ಒಳಗಿರೋದಿಲ್ಲ. ಆದ್ದರಿಂದ ಬಾಗಿಲಲ್ಲಿ ಯಾರಾದರೂ ಕಾರಣವಿಲ್ಲದೆ ನಿಂತರೆ ನೀವು ಎರಡು ಹೆಜ್ಜೆ ಹಿಂದೆ ಸರಿಯಿರಿ. ಸಾಗರದ ಕಡೆಗೆ ಬಸ್ಸುಗಳು ಒಂದರ ಹಿಂದೆ ಒಂದು ಇರುತ್ತವೆ. ಅರ್ಧ ಗಂಟೆ ತಡವಾದರೆ ಜೋಗ ಎಲ್ಲಿಗೂ ಓಡಿಹೋಗಲ್ಲ. ನಾವು ಮುಂದಿನ ಬಸ್ಸಲ್ಲಿ ಕಿಟಕಿ ಸೀಟು ಹಿಡಿದು ಆರಾಮಾಗಿ ಹೋದೆವು.

ಪರ್ಸು ಜಾಸ್ತಿ ಹೊರಬರೋದು ಟಿಕೆಟ್ ತಗೊಳ್ಳುವಾಗ. ಹೆಂಗಸರಿಗೆ ಪುಕ್ಕಟೆ ಪ್ರಯಾಣ ಕೊಡುವ ಶಕ್ತಿ ಯೋಜನೆ 2023ರ ಜೂನ್ 11ರಂದು ಶುರುವಾದ ಮೇಲೆ ರಾಜ್ಯದ ಹೆಂಗಸರು ಸಾಮಾನ್ಯ ಮತ್ತು ಎಕ್ಸ್‌ಪ್ರೆಸ್ ಸರ್ಕಾರಿ ಬಸ್ಸುಗಳಲ್ಲಿ ಆಧಾರ್ ಥರದ ಗುರುತಿನ ಚೀಟಿ ತೋರಿಸಿದರೆ ಸಾಕು. ಆ ಚೀಟಿಗಾಗಿ ತುಂಬಿದ ಬಸ್ಸಿನಲ್ಲಿ ಒಂದು ಕೈಯಲ್ಲಿ ಕಂಬಿ ಹಿಡಿದು, ಇನ್ನೊಂದು ಕೈಯಲ್ಲಿ ಇಡೀ ಪರ್ಸು ತೆರೆದು ಹುಡುಕುತ್ತೇವಲ್ಲ, ಆಗ ಒಳಗೆ ಎಷ್ಟು ದುಡ್ಡಿದೆ, ಯಾವ ಖಾನೆಯಲ್ಲಿದೆ ಎಂದು ಸುತ್ತಲಿನವರಿಗೆಲ್ಲ ತೋರಿಸಿದ ಹಾಗೇ. ಚೀಟಿಯನ್ನೂ, ಹತ್ತು ಇಪ್ಪತ್ತರ ನೋಟುಗಳನ್ನೂ ಒಂದು ಪುಟ್ಟ ಪೌಚಿನಲ್ಲಿ ಬೇರೆಯೇ ಇಟ್ಟುಕೊಳ್ಳಿ. ದೊಡ್ಡ ನೋಟು ಬಟ್ಟೆಯ ಒಳಜೇಬಿಗೆ. ಕೊಟ್ಟ ಶೂನ್ಯ ಟಿಕೆಟನ್ನು ಇಳಿಯುವ ತನಕ ಬಿಸಾಡಬೇಡಿ, ಚೆಕಿಂಗ್ ಬಂದರೆ ಅದೇ ಬೇಕು. ಪ್ರೈವೇಟ್ ಬಸ್ಸಿಗೆ, ರಾಜಹಂಸದಂಥ ಲಕ್ಷುರಿ ಬಸ್ಸಿಗೆ ಶಕ್ತಿ ಇಲ್ಲ. ಕಂಡಕ್ಟರು ಚಿಲ್ಲರೆ ಬಾಕಿಯನ್ನು ಟಿಕೆಟ್ ಹಿಂದೆ ಬರೆದುಕೊಟ್ಟರೆ ಇಳಿಯುವ ಒಂದು ಸ್ಟಾಪ್ ಮುಂಚೆಯೇ ಕೇಳಿ ತಗೊಳ್ಳಿ. ಬಾಗಿಲ ಹತ್ತಿರ ನಿಂತು ಎಣಿಸಬೇಡಿ.

ಶಿವಮೊಗ್ಗ ಊರೊಳಗಿನ ಸಿಟಿ ಬಸ್ಸಿನ ಬಗ್ಗೆ ಹೇಳಲು ಜಾಸ್ತಿ ಇಲ್ಲ. ದೂರ ಕಡಿಮೆ, ಜನ ಒಳ್ಳೆಯವರು. ಗಾಂಧಿ ಬಜಾರ್, ನೆಹರು ರಸ್ತೆ, ದುರ್ಗಿಗುಡಿ ಕಡೆ ನಡೆದೇ ಓಡಾಡಬಹುದು. ಸಂಜೆ ಶಾಲೆ, ಕಾಲೇಜು ಬಿಡುವ ಹೊತ್ತು ಬಸ್ಸು ಕಿಕ್ಕಿರಿದಿರುತ್ತದೆ, ಅಷ್ಟೇ.

ಕೈ ತಾಗಿಸುವವರ ಬಗ್ಗೆ ಒಂದು ಮಾತು. ಮಗಳಿಗೆ ನಾನು ಮೊದಲೇ ಹೇಳಿಟ್ಟಿದ್ದೆ: ಒಂದು ಸಲ ತಾಗಿದರೆ ಜಾಗ ಬದಲಿಸು, ಎರಡನೇ ಸಲಕ್ಕೆ ಕೂಗು. ‘ಕಂಡಕ್ಟ್ರೇ, ಇಲ್ಲಿ ಬನ್ನಿ’ ಎಂದು ಬಸ್ಸಿಗೇ ಕೇಳುವ ಹಾಗೆ ಕೂಗಬೇಕು. ಮಲೆನಾಡಿನ ಬಸ್ಸುಗಳಲ್ಲಿ ದಿನಾ ಅದೇ ಜನ ಓಡಾಡುತ್ತಾರೆ, ಕಂಡಕ್ಟರಿಗೆ ಅರ್ಧ ಬಸ್ಸಿನ ಹೆಸರು ಗೊತ್ತಿರುತ್ತದೆ. ಹತ್ತು ಜನ ತಿರುಗಿ ನೋಡಿದರೆ ಅಂಥವರು ಅಲ್ಲಿ ನಿಲ್ಲೋದಿಲ್ಲ. ಅದಕ್ಕೂ ಬಗ್ಗದಿದ್ದರೆ 112ಕ್ಕೆ ಫೋನ್ ಮಾಡಿ, ಬಸ್ಸಿನ ನಂಬರು, ಹಿಂದಿನ ಸ್ಟಾಪಿನ ಹೆಸರು ಹೇಳಿ. ರೈಲಲ್ಲಾದರೆ 139. ಮುಂದಿನ ಹೆಂಗಸರ ಸೀಟಿನಲ್ಲಿ ಗಂಡಸರು ಕೂತಿದ್ದರೆ ಎಬ್ಬಿಸಲು ಸಂಕೋಚ ಬೇಡ. ನೀವು ಕೇಳದಿದ್ದರೂ ಪಕ್ಕದ ಅಕ್ಕಂದಿರು ಕೇಳುತ್ತಾರೆ.

ಶಿವಮೊಗ್ಗದಿಂದ ಆಗುಂಬೆಗೆ ಹೋಗುವ ತೀರ್ಥಹಳ್ಳಿ ಕಡೆಯ ರಸ್ತೆ ನನಗೆ ತುಂಬಾ ಇಷ್ಟವಾಯಿತು. ತುಂಗಾ ನದಿ ಜೊತೆಗೇ ಬರುತ್ತದೆ. ಗಾಜನೂರು ಅಣೆಕಟ್ಟು, ಸಕ್ರೆಬೈಲಿನ ಆನೆ ಬಿಡಾರ, ಮಂಡಗದ್ದೆಯ ಪಕ್ಷಿಧಾಮ ಎಲ್ಲವೂ ಇದೇ ದಾರಿಯಲ್ಲಿವೆ. ಸಕ್ರೆಬೈಲಿಗೆ ಹೋಗೋರು ಬೆಳಿಗ್ಗೆಯೇ ಹೋಗಬೇಕು, ಆನೆಗಳ ಸ್ನಾನ ನೋಡಲು ಸಿಗೋದು ಆಗಲೇ. ನಿಲ್ಲಿಸುತ್ತಾರಾ ಎಂದು ಹತ್ತುವ ಮುಂಚೆ ಕೇಳಿ, ದೂರದೂರಿನ ಎಕ್ಸ್‌ಪ್ರೆಸ್ಸುಗಳು ಎಲ್ಲ ಕಡೆ ನಿಲ್ಲೋದಿಲ್ಲ. ಈ ಭಾಗದಲ್ಲಿ ಪ್ರೈವೇಟ್ ಬಸ್ಸುಗಳೇ ಜೀವಾಳ. ವೇಗವಾಗಿ ಹೋಗುತ್ತವೆ, ಪೂರ್ತಿ ನಿಲ್ಲುವ ಮುಂಚೆಯೇ ‘ಇಳೀರಿ ಇಳೀರಿ’ ಎನ್ನುತ್ತಾರೆ. ವಯಸ್ಸಾದವರು ಜೊತೆಗಿದ್ದರೆ ‘ಬಸ್ ನಿಲ್ಲಲಿ, ಆಮೇಲೆ ಇಳೀತೀವಿ’ ಎಂದು ಗಟ್ಟಿಯಾಗಿ ಹೇಳಿ. ಮಳೆಯಲ್ಲಿ ಫುಟ್‌ಬೋರ್ಡು ಪಾಚಿಗಟ್ಟಿದ ಕಲ್ಲಿನ ಹಾಗೆ ಜಾರುತ್ತದೆ. ಇಳಿದ ಮೇಲೆ ಬಸ್ಸಿನ ಮುಂದಿನಿಂದ ರಸ್ತೆ ದಾಟಬೇಡಿ, ಮೊದಲು ಬಸ್ಸು ಹೋಗಲಿ.

ಆಗುಂಬೆಯಲ್ಲಿ ಎಲ್ಲರೂ ನೋಡೋದು ಸೂರ್ಯಾಸ್ತ. ತೊಂದರೆ ಇರೋದೂ ಅಲ್ಲೇ. ಸೂರ್ಯಾಸ್ತದ ಜಾಗ ಊರಿಂದ ಎರಡು ಕಿಲೋಮೀಟರಿನಷ್ಟು ಆಚೆ, ಘಾಟಿ ರಸ್ತೆಯ ಅಂಚಿನಲ್ಲಿದೆ. ಸೂರ್ಯ ಮುಳುಗಿದ ಮೇಲೆ ಕಾಡಿನಲ್ಲಿ ಬೇಗ ಕತ್ತಲಾಗುತ್ತದೆ. ಬೀದಿದೀಪ ನಂಬಿಕೊಂಡು ನಡೆಯುವ ರಸ್ತೆ ಅಲ್ಲ, ತಿರುವಿನಲ್ಲಿ ಬರುವ ಗಾಡಿಗೆ ನೀವು ಕಾಣೋದಿಲ್ಲ, ಮೊಬೈಲ್ ಸಿಗ್ನಲ್ ಇದ್ದರೆ ಇತ್ತು ಇಲ್ಲದಿದ್ದರೆ ಇಲ್ಲ. ಸೂರ್ಯಾಸ್ತ ನೋಡಿ ಅದೇ ರಾತ್ರಿ ಬಸ್ಸಲ್ಲಿ ಶಿವಮೊಗ್ಗಕ್ಕೆ ವಾಪಸ್ ಹೋಗುತ್ತೇವೆ ಎನ್ನುವ ಲೆಕ್ಕಾಚಾರ ದಯವಿಟ್ಟು ಬೇಡ. ನಾವು ಹೋದ ಬಸ್ಸಿನ ಕಂಡಕ್ಟರು, ಕೇಳದೆಯೇ, ‘ರಾತ್ರಿ ಎಲ್ಲಿ ಉಳ್ಕೋತೀರಿ?’ ಎಂದು ವಿಚಾರಿಸಿದರು. ಊರಲ್ಲೇ ರೂಮು ಮಾಡಿದ್ದೇವೆ ಎಂದ ಮೇಲೇ ಅವರಿಗೆ ಸಮಾಧಾನವಾಯಿತು. ‘ಹೋಗ್ತಾ ಬರ್ತಾ ಒಂದೇ ಆಟೋ ಮಾಡ್ಕಳಿ, ಅಲ್ಲೇ ಕಾಯ್ಲಿ’ ಎಂದರು. ಹಾಗೇ ಮಾಡಿದೆವು. ಕಾಯುವ ದುಡ್ಡು ಸೇರಿಸಿಯೇ ಮಾತಾಡಿ, ಅರ್ಧ ಹಣವನ್ನು ನೀವು ಊರಿಗೆ ವಾಪಸ್ ಬಂದ ಮೇಲೆ ಕೊಡಿ.

ಘಾಟಿ ಇಳಿದು ಉಡುಪಿ ಕಡೆ ಹೋಗುವವರಿಗೆ 14 ಹೇರ್‌ಪಿನ್ ತಿರುವುಗಳಿವೆ. ರಸ್ತೆ ಕಿರಿದು, ಎದುರಿನ ಗಾಡಿ ಮೈಗೆ ತಾಗುವಷ್ಟು ಹತ್ತಿರ ಬರುತ್ತದೆ. ವಿಡಿಯೋ ಮಾಡಲು ಕಿಟಕಿಯಿಂದ ಕೈ ಹೊರಗೆ ಹಾಕೋದು ಬೇಡ, ಮಕ್ಕಳ ಮೊಣಕೈ ಮೇಲೂ ಕಣ್ಣಿರಲಿ. ವಾಂತಿ ಬರುವವರು ಮುಂದಿನ ಸೀಟು ಕೇಳಿ ಕೂತು, ಒಂದು ಕವರು ಮತ್ತು ನಿಂಬೆಹಣ್ಣು ಇಟ್ಟುಕೊಳ್ಳಿ.

ಸಾಗರದ ಕಡೆಗೂ ಇದೇ ಕೊನೆ ಬಸ್ಸಿನ ಮಾತು. ಜೋಗದಿಂದ ಸಾಗರ ಸುಮಾರು ಮೂವತ್ತು ಕಿಲೋಮೀಟರ್. ಜೋಗದಲ್ಲಿ ಇಳಿದ ತಕ್ಷಣ ಮೊದಲು ವಾಪಸ್ ಬಸ್ಸಿನ ಸಮಯ ವಿಚಾರಿಸಿ, ಆಮೇಲೆ ಜಲಪಾತ ನೋಡಿ. ಒಬ್ಬರನ್ನೇ ಕೇಳಬೇಡಿ. ಒಬ್ಬ ಕಂಡಕ್ಟರು, ಒಬ್ಬ ಅಂಗಡಿಯವರು, ಇಬ್ಬರ ಉತ್ತರವೂ ಒಂದೇ ಆಗಿರಬೇಕು. ಅವರು ಹೇಳಿದ ಕೊನೆ ಬಸ್ಸನ್ನು ಲೆಕ್ಕಕ್ಕೇ ಇಟ್ಟುಕೊಳ್ಳದೆ ಅದರ ಹಿಂದಿನದಕ್ಕೆ ಹೊರಡಿ. ಕೊನೆಯದು ಕೆಟ್ಟು ನಿಂತರೆ, ಮರ ಬಿದ್ದು ತಡವಾದರೆ ಕೈಯಲ್ಲಿ ಏನಾದರೂ ಉಳಿದಿರಬೇಕಲ್ಲ. ಸಿಗಂದೂರಿಗೆ ಹೋಗುವವರು ಹಳೆಯ ಪ್ರವಾಸ ಬರಹಗಳನ್ನು ನೋಡಿ ಲಾಂಚಿನ ಸಮಯ ಹುಡುಕುತ್ತಾ ಕೂರಬೇಡಿ. ಶರಾವತಿ ಹಿನ್ನೀರಿನ ಮೇಲೆ ಅಂಬಾರಗೋಡ್ಲು ಮತ್ತು ಕಳಸವಳ್ಳಿ ನಡುವಿನ ಸೇತುವೆ 2025ರ ಜುಲೈ 14ರಂದು ಉದ್ಘಾಟನೆಯಾಗಿದೆ, ರಸ್ತೆಯಲ್ಲೇ ದಾಟಬಹುದು.

ಇಷ್ಟೆಲ್ಲ ಮಾಡಿದರೂ ಏನಾದರೂ ಕಳುವಾದರೆ? ಬಸ್ಸಿನಲ್ಲೇ ಗೊತ್ತಾದರೆ ತಕ್ಷಣ ಕಂಡಕ್ಟರಿಗೆ ಹೇಳಿ, ಯಾರನ್ನೂ ಇಳಿಸದೆ ಹತ್ತಿರದ ಠಾಣೆಗೆ ಬಸ್ ಒಯ್ಯಲು ಕೇಳಿ. ಫೋನು ಹೋಗಿದ್ದರೆ ಜೊತೆಗಿದ್ದವರ ಫೋನಿಂದ ಮೊದಲು ಸಿಮ್ ಬ್ಲಾಕ್ ಮಾಡಿಸಿ, ಆಮೇಲೆ ಬ್ಯಾಂಕಿಗೆ ಹೇಳಿ ಯುಪಿಐ ನಿಲ್ಲಿಸಿ. ಫೋನ್ ಕದ್ದವರಿಗೆ ಫೋನಿಗಿಂತ ಒಳಗಿನ ದುಡ್ಡೇ ಲಾಭ. ಖಾತೆಯಿಂದ ಹಣ ಹೋಗಿದ್ದರೆ 1930ಕ್ಕೆ ಫೋನ್ ಮಾಡಿ, ತಡ ಮಾಡಿದಷ್ಟೂ ಹಣ ತಡೆಯೋದು ಕಷ್ಟ. ಪೊಲೀಸ್ ದೂರಿನ ಪ್ರತಿ ಇದ್ದರೆ ಕಳೆದ ಫೋನುಗಳಿಗೆಂದೇ ಸರ್ಕಾರ ಮಾಡಿರುವ ಸಿಇಐಆರ್ ಪೋರ್ಟಲ್‌ನಲ್ಲಿ ಹ್ಯಾಂಡ್‌ಸೆಟ್ಟನ್ನೇ ಬ್ಲಾಕ್ ಮಾಡಿಸಬಹುದು. ಅದಕ್ಕೆ ಐಎಂಇಐ ನಂಬರು, ಅಂದರೆ ಹ್ಯಾಂಡ್‌ಸೆಟ್ಟಿನ ಗುರುತಿನ ನಂಬರು ಬೇಕು. ಹೊರಡುವ ಮುಂಚೆಯೇ *#06# ಒತ್ತಿ, ಬಂದ ನಂಬರನ್ನು ಒಂದು ಕಾಗದದ ಮೇಲೆ ಬರೆದು ದೊಡ್ಡ ಬ್ಯಾಗಿನಲ್ಲಿಡಿ. ಮನೆಯವರ ಫೋನ್ ನಂಬರು, ಲಾಡ್ಜಿನ ಹೆಸರೂ ಅದರಲ್ಲೇ ಇರಲಿ. ನಮಗೆ ಈಗ ಯಾರ ನಂಬರೂ ಬಾಯಿಗೆ ಬರೋದಿಲ್ಲ ಅಲ್ವಾ. ಕಳುವಾದ ಜಾಗ ನಮ್ಮ ವ್ಯಾಪ್ತಿ ಅಲ್ಲ ಎಂದು ಯಾವುದೇ ಠಾಣೆಯಲ್ಲಿ ಹೇಳಿದರೆ, ಶೂನ್ಯ ಎಫ್‌ಐಆರ್ ದಾಖಲಿಸಿ ಎಂದು ಕೇಳಿ. 2024ರ ಜುಲೈ 1ರಿಂದ ಜಾರಿಯಾದ ಹೊಸ ಕಾನೂನಿನಲ್ಲಿ ಅದಕ್ಕೆ ಅವಕಾಶವಿದೆ.

ಯಾವಾಗ ಹೋಗಬೇಕು ಅನ್ನೋದಕ್ಕೂ ಈ ಜೋಪಾನಕ್ಕೂ ಸಂಬಂಧವಿದೆ. ಶಿವಮೊಗ್ಗದ ಕೋಟೆ ಮಾರಿಕಾಂಬ ಜಾತ್ರೆ ಎರಡು ವರ್ಷಕ್ಕೊಮ್ಮೆ, ಸಾಗರದ ಮಾರಿಕಾಂಬ ಜಾತ್ರೆ ಮೂರು ವರ್ಷಕ್ಕೊಮ್ಮೆ ನಡೆಯುತ್ತದೆ. ಆ ದಿನಗಳಲ್ಲಿ ಬಸ್ಸಿನಲ್ಲಿ ಕಾಲಿಡಲು ಜಾಗ ಇರಲ್ಲ. ಜಾತ್ರೆಗೇ ಹೋಗುವವರು ಚಿನ್ನ ಮನೆಯಲ್ಲಿಡಿ, ಮಕ್ಕಳ ಜೇಬಿನಲ್ಲಿ ನಿಮ್ಮ ಫೋನ್ ನಂಬರಿನ ಚೀಟಿ ಇಡಿ. ಜೋಗ ತುಂಬಿ ಬೀಳೋದು ನೋಡಬೇಕೆಂದರೆ ಮಳೆಗಾಲದಲ್ಲೇ ಹೋಗಬೇಕು, ಜುಲೈ, ಆಗಸ್ಟ್ ಹೊತ್ತಿಗೆ. ಆಗ ಆಗುಂಬೆ ಘಾಟಿಯಲ್ಲಿ ಮಣ್ಣು ಕುಸಿದರೆ ದೊಡ್ಡ ಗಾಡಿಗಳನ್ನು ಬಿಡೋದಿಲ್ಲ, ಬಸ್ಸುಗಳು ಬೇರೆ ದಾರಿ ಹಿಡಿಯುತ್ತವೆ. ಹಿಂದಿನ ರಾತ್ರಿ ಲಾಡ್ಜಿನವರನ್ನು, ಬೆಳಿಗ್ಗೆ ಸ್ಟ್ಯಾಂಡಿನಲ್ಲಿ ಕಂಟ್ರೋಲರನ್ನು ಕೇಳಿಯೇ ಹೊರಡಿ. ವಾಪಸ್ ರೈಲಿನ ಟಿಕೆಟ್ ಇರುವ ದಿನ ಮಾತ್ರ ಘಾಟಿ ಕಡೆ ಹೋಗಲೇಬೇಡಿ, ಶಿವಮೊಗ್ಗದ ಸುತ್ತಮುತ್ತಲೇ ಇರಿ.