ಡಿಕ್ಕಿಗೆ ಮೊದಲೇ ವಿಡಿಯೊ ನಿಲ್ಲಿಸಿ

ಕಾರ್ಟಿಂಗ್ ರೇಸ್‌ಗಳಲ್ಲಿ, ಅಂದರೆ ಚಿಕ್ಕ ತೆರೆದ ಗಾಡಿಗಳ ರೇಸ್‌ಗಳಲ್ಲಿ, ನಾನು ಸ್ಟುವರ್ಡ್, ಅಂದರೆ ತೀರ್ಪುಗಾರ. ಸ್ಥಾನಕ್ಕಾಗಿ ಹೋರಾಡುತ್ತಾ ಇಬ್ಬರು ಗುದ್ದಿಕೊಂಡರೆ ತಪ್ಪು ಯಾರದ್ದು ಅಂತ ಹೇಳೋದು ನಮ್ಮ ಕೆಲಸ. ಮೂವರು ಕೂತು ವಿಡಿಯೊ ನೋಡುತ್ತೇವೆ, ಟ್ರ್ಯಾಕ್ ಪಕ್ಕ ನಿಂತು ನೋಡುವ ಮಾರ್ಷಲ್‌ಗಳು ಬರೆದದ್ದನ್ನು ಓದುತ್ತೇವೆ, ಇಬ್ಬರು ಡ್ರೈವರ್‌ಗಳನ್ನೂ ಕರೆಸಿ ಕೇಳುತ್ತೇವೆ.

ಶುರುವಿನಲ್ಲಿ ಒಂದು ತೀರ್ಪು ತಪ್ಪಿತು. ಹದಿನಾಲ್ಕರ ಆಸುಪಾಸಿನ ಇಬ್ಬರು ಹುಡುಗರು ಹೇರ್‌ಪಿನ್ ಅನ್ನೋ ಕಡಿದಾದ ತಿರುವಿನಲ್ಲಿ ತಾಗಿಸಿಕೊಂಡರು. ಒಬ್ಬ ಹೋಗಿ ಟೈರ್ ಗೋಡೆಗೆ ಬಿದ್ದ. ಬಂಪರ್ ಕಿತ್ತು ಬಂದಿತ್ತು, ಸ್ಟೀರಿಂಗ್ ರಾಡ್ ಬಾಗಿತ್ತು. ಇನ್ನೊಬ್ಬ ಹಾಗೇ ಮುಂದೆ ಹೋಗಿ ಎರಡನೆಯವನಾಗಿ ಬಂದ. ನಮ್ಮ ಕಣ್ಣೆಲ್ಲ ಆ ಮುರಿದ ಕಾರ್ಟ್ ಮೇಲೇ ಇತ್ತು. ಮುಂದೆ ಹೋದವನಿಗೆ 5 ಸೆಕೆಂಡ್ ಪೆನಾಲ್ಟಿ ಹಾಕಿದೆವು. ಅವನ ಪೋಡಿಯಂ, ಅಂದರೆ ಮೊದಲ ಮೂರರಲ್ಲಿನ ಸ್ಥಾನ, ಹೋಯಿತು. ಹೆಲ್ಮೆಟ್ ಕೈಯಲ್ಲಿ ಹಿಡಿದು, "ಸರ್, ನಾನು ಆಗ್ಲೇ ಒಳಗಿದ್ದೆ" ಅಂದ, ಅಷ್ಟೇ.

ಸಂಜೆ ಅವರ ಹಿಂದೆ ಬರುತ್ತಿದ್ದ ಕಾರ್ಟ್‌ನ ಕ್ಯಾಮೆರಾದ ವಿಡಿಯೊ ಸಿಕ್ಕಿತು. ಬ್ರೇಕ್ ಹಾಕುವಾಗಲೇ, ನಾವು ಪೆನಾಲ್ಟಿ ಹಾಕಿದ ಹುಡುಗನ ಮುಂದಿನ ಚಕ್ರ ತಿರುವಿನ ಒಳಬದಿಯಲ್ಲಿ ಎದುರಾಳಿಯ ಭುಜದ ಪಕ್ಕಕ್ಕೆ ಬಂದಿತ್ತು. ಪಕ್ಕದಲ್ಲಿ ಯಾರೂ ಇಲ್ಲವೇನೋ ಅನ್ನೋ ಹಾಗೆ ಸ್ಟೀರಿಂಗ್ ತಿರುಗಿಸಿದ್ದು ಗೋಡೆಗೆ ಬಿದ್ದವನೇ. ಅಷ್ಟು ಹೊತ್ತಿಗೆ ಆಕ್ಷೇಪ ಸಲ್ಲಿಸುವ ಸಮಯ ಮುಗಿದು, ಫಲಿತಾಂಶಕ್ಕೆ ಸಹಿ ಬಿದ್ದಾಗಿತ್ತು. ಮುಂದಿನ ರೇಸ್‌ನಲ್ಲಿ ಪೆನಾಲ್ಟಿ ಬಿದ್ದವನನ್ನು ಹುಡುಕಿಕೊಂಡು ಹೋಗಿ ಕ್ಷಮೆ ಕೇಳಿದೆ. ಈಗಲೂ ನೆನೆದರೆ ಬೇಜಾರಾಗುತ್ತದೆ.

2021ರಲ್ಲಿ ಇಂಗ್ಲೆಂಡಿನ ಸಿಲ್ವರ್‌ಸ್ಟೋನ್‌ನಲ್ಲಿ ನಡೆದ ಫಾರ್ಮುಲಾ 1 ರೇಸ್ ನೆನಪಿದೆ ಅಲ್ವಾ? ಪ್ರಶಸ್ತಿಗೆ ಪೈಪೋಟಿಯಲ್ಲಿದ್ದ ವರ್ಸ್ಟಾಪನ್, ಹ್ಯಾಮಿಲ್ಟನ್ ಗುದ್ದಿಕೊಂಡರು. ಮೊದಲ ಲ್ಯಾಪ್, ಕಾಪ್ಸ್ ತಿರುವು. ವರ್ಸ್ಟಾಪನ್ ಗೋಡೆಗೆ ಹೋಗಿ ಬಿದ್ದರು, ಹೊಡೆತ 51 ಜಿ, ಅಂದರೆ ಗುರುತ್ವಬಲದ 51 ಪಟ್ಟು, ತಪಾಸಣೆಗೆ ಆಸ್ಪತ್ರೆಗೆ ಹೋಗಬೇಕಾಯಿತು. ಹ್ಯಾಮಿಲ್ಟನ್‌ಗೆ 10 ಸೆಕೆಂಡ್ ಪೆನಾಲ್ಟಿ, ಆದರೂ ಅವರೇ ಗೆದ್ದರು. ಶಿಕ್ಷೆ ಸಾಲದು ಅಂತ ತುಂಬಾ ಜನ ಸಿಟ್ಟಾದರು. ಆದರೆ ಸ್ಟುವರ್ಡ್‌ಗಳ ತೀರ್ಪಿನಲ್ಲಿ ಆ 51 ಜಿ ಮಾತೇ ಇಲ್ಲ. ಹ್ಯಾಮಿಲ್ಟನ್ ಒಳಗಡೆ ಸ್ವಲ್ಪ ಹಿಂದಿದ್ದರು, ಒಳಗೆ ಇನ್ನೂ ಜಾಗ ಇದ್ದರೂ ತಿರುವಿನ ಒಳತುದಿ ಮುಟ್ಟಲಿಲ್ಲ, ಅವರ ಎಡ ಮುಂಚಕ್ರ ವರ್ಸ್ಟಾಪನ್‌ರ ಬಲ ಹಿಂಚಕ್ರಕ್ಕೆ ತಾಗಿತು, ತಪ್ಪಿನ ದೊಡ್ಡ ಪಾಲು ಅವರದ್ದು. ಇಷ್ಟೇ. ತೀರ್ಪು ಬರೆಯಬೇಕಾದ್ದು ಹೀಗೆ ಅಂತ ನನಗೆ ಬಲವಾಗಿ ಅನ್ನಿಸುತ್ತದೆ.

ಅದಕ್ಕೇ ನಾವೀಗ ಚಕ್ರಕ್ಕೆ ಚಕ್ರ ತಾಗುವ ಮೊದಲೇ ವಿಡಿಯೊ ನಿಲ್ಲಿಸುತ್ತೇವೆ. ಮುಂದಿನ ಚಕ್ರ ಎಲ್ಲಿದೆ, ಗಾಡಿ ಹಿಡಿತದಲ್ಲಿದೆಯಾ, ಪಕ್ಕದವನಿಗೆ ಜಾಗ ಬಿಟ್ಟಿದ್ದಾನಾ, ಮೂವರೂ ಬೇರೆ ಬೇರೆಯಾಗಿ ಬರೆದುಕೊಳ್ಳುತ್ತೇವೆ. ಆಮೇಲೇ ಮುಂದಿನದ್ದನ್ನು ನೋಡೋದು. ಒಳಗಿಂದ ನುಗ್ಗುವ ಕಾರಿನ ಮುಂದಿನ ಆಕ್ಸಲ್ (ಮುಂದಿನ ಚಕ್ರಗಳ ಅಚ್ಚು) ತಿರುವಿನ ಒಳತುದಿಗೆ ಬರುವಷ್ಟರಲ್ಲಿ ಎದುರಾಳಿಯ ಕನ್ನಡಿಯ ಪಕ್ಕಕ್ಕಾದರೂ ಬಂದಿರಬೇಕು ಅನ್ನುತ್ತದೆ ಫಾರ್ಮುಲಾ 1 ಮಾರ್ಗಸೂಚಿ. ಕಾರ್ಟ್‌ಗೆ ಕನ್ನಡಿ ಇಲ್ಲ, ನಾವು ಭುಜ ನೋಡುತ್ತೇವೆ. ಇಬ್ಬರ ಪಾಲೂ ಸರಿಸಮ ಅನ್ನಿಸಿದರೆ ಅದು ರೇಸಿಂಗ್ ಇನ್ಸಿಡೆಂಟ್, ಅಂದರೆ ಯಾರ ಮೇಲೂ ತಪ್ಪು ಹೊರಿಸದ ಘಟನೆ. ಸುಮ್ನೆ ಯಾರಿಗೋ ಒಬ್ಬರಿಗೆ ಶಿಕ್ಷೆ ಹಾಕೋದಿಲ್ಲ.

ಪೆನಾಲ್ಟಿ ಬಿದ್ದವರಿಗೂ ಆ ನಿಲ್ಲಿಸಿದ ಚಿತ್ರ ತೋರಿಸುತ್ತೇವೆ. ಹೋದ ತಿಂಗಳು ಒಬ್ಬ ಹುಡುಗಿ ಅಳುತ್ತಲೇ ಒಳಗೆ ಬಂದಳು. ಸ್ವಲ್ಪ ಹೊತ್ತು ಸ್ಕ್ರೀನ್ ನೋಡಿ, ಬ್ರೇಕ್‌ಗೆ ಲಾಕ್ ಆಗಿ ತಿರುಗದೆ ಜಾರುತ್ತಿದ್ದ ತನ್ನ ಹಿಂದಿನ ಟೈರ್ ಮೇಲೆ ಬೆರಳಿಟ್ಟಳು. "ಇಲ್ಲೇ ಸರ್, ಬ್ರೇಕ್ ಲೇಟಾಯ್ತು."