ಟಿಕೆಟ್ ಕೊಂಡು ದೆವ್ವ ನೋಡಲು ಹೋದದ್ದು

ನನ್ನ ಅಕ್ಕ ದೆವ್ವ ಇದೆ ಅಂತ ನಂಬುತ್ತಾಳೆ. ನಾನು ನಂಬುವುದಿಲ್ಲ. ಸ್ಕಾಟ್ಲೆಂಡಿನ ಎಡಿನ್‌ಬರ್ಗ್‌ನಲ್ಲಿ ರಾತ್ರಿ ಹೊತ್ತು ನಡೆಸುವ ಗೋಸ್ಟ್ ಟೂರಿಗೆ ಇಬ್ಬರೂ ಜೊತೆಗೇ ಹೋದೆವು. ಖುಷಿಪಟ್ಟುಕೊಂಡು ಬಂದವನು ನಾನು. ‘ಬರೀ ಓಳು’ ಅಂತ ಬೈದುಕೊಂಡು ಬಂದವಳು ಅವಳು.

ಅಕ್ಕ-ಭಾವ ಇರುವುದು ಆ ಊರಿನಲ್ಲೇ. ಅಕ್ಟೋಬರ್ ಕೊನೆಗೆ ನಾನು ಹೋದಾಗ ಟಿಕೆಟ್ ಬುಕ್ ಮಾಡಿಟ್ಟಿದ್ದವಳು ಅಕ್ಕ. “ಎಲ್ಲದಕ್ಕೂ ಪ್ರೂಫ್ ಕೇಳ್ತೀಯಲ್ಲ, ಬಾ, ತೋರಿಸ್ತೀನಿ” ಅಂದಳು. “ದುಡ್ಡು ಕೊಟ್ಟು ಸ್ಮಶಾನಕ್ಕೆ ಹೋಗೋ ಬುದ್ಧಿ ನಂಗಿನ್ನೂ ಬಂದಿಲ್ಲಪ್ಪ” ಅಂದ ಭಾವ ಮಗು ನೋಡಿಕೊಳ್ಳುವ ನೆಪದಲ್ಲಿ ಸೋಫಾ ಬಿಟ್ಟು ಏಳಲಿಲ್ಲ. ಹೊರಡುವಾಗ ಮಗುವಿನ ಕೋಣೆಯಲ್ಲಿದ್ದ ಪುಟ್ಟ ಡಿಜಿಟಲ್ ಥರ್ಮಾಮೀಟರನ್ನು ಜೇಬಿಗಿಳಿಸಿದೆ. ದೆವ್ವ ಬಂದರೆ ಚಳಿಯಾಗುತ್ತದೆ ಅನ್ನುವುದು ಇಂಥ ಕಥೆಗಳಲ್ಲೆಲ್ಲ ಬರುವ ಮಾತು. ದೆವ್ವದ ವಿಷಯದಲ್ಲಿ ಅಳೆಯಲು ಸಿಗುವುದೂ ಅದೊಂದೇ.

ಗೈಡ್ ಆರಡಿ ಮೀರಿದ ಆಸಾಮಿ, ಪಾದದವರೆಗೆ ಕಪ್ಪು ಕೋಟು. ಸೇಂಟ್ ಜೈಲ್ಸ್ ಚರ್ಚಿನ ಹಿಂದೆ ನಮ್ಮನ್ನೆಲ್ಲ ಸೇರಿಸಿಕೊಂಡು ಮೊದಲು ಒಂದಷ್ಟು ಜೋಕ್ ಹೊಡೆದ. ನಕ್ಕು ಮೈ ಸಡಿಲವಾದ ಮೇಲೆ ದನಿ ತಗ್ಗಿಸಿದ. ಹಿಂದೆ ಬಂದವರಲ್ಲಿ ಕೆಲವರಿಗೆ ತಲೆ ಸುತ್ತಿದೆಯಂತೆ, ಕೆಲವರಿಗೆ ಕಿವಿಯ ಹಿಂದೆ ಯಾರೋ ಉಸಿರು ಬಿಟ್ಟ ಹಾಗಾಗಿದೆಯಂತೆ, ಇನ್ನು ಕೆಲವರ ಕತ್ತು, ಕೈ, ಹೊಟ್ಟೆಯ ಮೇಲೆ ಪರಚಿದ ಗೆರೆ ಎದ್ದಿವೆಯಂತೆ. ಅದೂ ಅವರಿಗೆ ಗೊತ್ತಾಗಿದ್ದು ಮನೆಗೆ ಹೋಗಿ ಬಟ್ಟೆ ಬದಲಿಸುವಾಗ. ನಿಮಗೂ ಏನಾದರೂ ಆದರೆ ದಯವಿಟ್ಟು ಒಂದು ಇಮೇಲ್ ಹಾಕಿ, ಅಂದ.

ನನ್ನ ಪ್ರಕಾರ ಅರ್ಧ ಕೆಲಸ ಅಲ್ಲಿಗೇ ಮುಗಿಯಿತು. ಆ ಪಟ್ಟಿ ಕಿವಿಗೆ ಬಿದ್ದ ಮೇಲೆ ಎಲ್ಲರೂ ತಮ್ಮ ತಮ್ಮ ಮೈಯನ್ನೇ ಕಾವಲು ಕಾಯಲು ಶುರು ಮಾಡುತ್ತಾರೆ. ರಾತ್ರಿ ಚಳಿಯಲ್ಲಿ ಕಲ್ಲುಹಾಸಿನ ಮೇಲೆ ಅಷ್ಟು ಹೊತ್ತು ನಡೆದರೆ, ನಿಂತರೆ, ಗುಂಪಿನಲ್ಲಿ ಒಬ್ಬರಿಗಾದರೂ ತಲೆ ಹಗುರವಾಗುತ್ತದೆ. ಬ್ಯಾಗಿನ ಪಟ್ಟಿ ಉಜ್ಜಿ ಎದ್ದ ಗೆರೆಯನ್ನು ಬೇರೆ ದಿನ ಯಾರೂ ನೋಡಿಕೊಳ್ಳುವುದಿಲ್ಲ. ಅವತ್ತು ಅದು ಸಾಕ್ಷಿ. ಏನೂ ಆಗದವರು ‘ನನಗೇನೂ ಆಗಲಿಲ್ಲ’ ಅಂತ ಇಮೇಲ್ ಬರೆಯುವುದಿಲ್ಲ. ಬರೆದವರದ್ದು ಮಾತ್ರ ಮುಂದಿನ ಗುಂಪಿಗೆ ಹೇಳುವ ಪಟ್ಟಿಗೆ ಸೇರುತ್ತದೆ. ಇಷ್ಟರಲ್ಲಿ ಆತ ಒಂದೇ ಒಂದು ಸುಳ್ಳು ಹೇಳಿಲ್ಲ ನೋಡಿ. ಈ ಕಸುಬುದಾರಿಕೆಗೆ ನಾನು ಅಲ್ಲೇ ಸೋತೆ.

ಮೊದಲು ಕರೆದೊಯ್ದದ್ದು ಸೌತ್ ಬ್ರಿಜ್ ಕೆಳಗಿನ ನೆಲಮಾಳಿಗೆಗಳಿಗೆ. ಮೇಲೆ ರಸ್ತೆಯಲ್ಲಿ ನಡೆಯುವವರಿಗೆ ಅದು ಸೇತುವೆ ಅಂತ ಹೊಳೆಯುವುದೂ ಇಲ್ಲ. 1788ರಲ್ಲಿ ಮುಗಿದ ಆ ಸೇತುವೆಗೆ 19 ಕಮಾನುಗಳು. ಎರಡೂ ಕಡೆ ಕಟ್ಟಡಗಳು ಒತ್ತಿಕೊಂಡು ಎದ್ದಿರುವುದರಿಂದ ಈಗ ಕಣ್ಣಿಗೆ ಬೀಳುವುದು ಒಂದೇ. ಮಿಕ್ಕ ಕಮಾನುಗಳ ಒಳಗೆ ಅಂತಸ್ತು ಹಾಕಿ ಕೋಣೆ ಮಾಡಿದರು. ಬೂಟು ಹೊಲಿಯುವವರು, ಹೆಂಡದಂಗಡಿಯವರು, ಗೋದಾಮಿನವರು ಬಂದರು. ಆದರೆ ಮೇಲಿನಿಂದ ನೀರು ಸೋರದ ಹಾಗೆ ಕಟ್ಟಿರಲಿಲ್ಲ. ಒದ್ದೆ ತಡೆಯಲಾರದೆ ವ್ಯಾಪಾರಿಗಳು ಜಾಗ ಖಾಲಿ ಮಾಡಿದರು, ಬೇರೆಲ್ಲೂ ನೆಲೆ ಸಿಗದ ಬಡವರು ಸೇರಿಕೊಂಡರು. ಬೆಳಕಿಲ್ಲ, ಗಾಳಿಯಿಲ್ಲ, ಕಕ್ಕಸಿಲ್ಲ. ಮುಂದೆ ಕಲ್ಲುಮಣ್ಣು ತುಂಬಿ ಮುಚ್ಚಿಹೋಗಿದ್ದ ಜಾಗವನ್ನು 1980ರ ದಶಕದಲ್ಲಿ ಮತ್ತೆ ಪತ್ತೆ ಮಾಡಿದ್ದು ಸ್ಕಾಟ್ಲೆಂಡಿನ ಮಾಜಿ ರಗ್ಬಿ ಆಟಗಾರ ನಾರಿ ರೋವನ್.

ಒಳಗೆ ಅಲ್ಲೊಂದು ಇಲ್ಲೊಂದು ಮೇಣದ ಬತ್ತಿ. ಗೋಡೆಯ ಮೇಲೆ ನೀರಿಳಿದು ಸುಣ್ಣದ ಬಿಳಿ ಗೆರೆಗಳು. ನಾವು ನಿಂತ ಕೋಣೆಯ ಮೂಲೆಯಲ್ಲಿ ಚಾವಣಿಯಿಂದ ಒಂದು ಹನಿ ಬೀಳುತ್ತಿತ್ತು. ಬಿದ್ದು, ಮರೆತೇ ಹೋಗುವಷ್ಟು ಹೊತ್ತಾದ ಮೇಲೆ ಇನ್ನೊಂದು. ಗೈಡ್ ಆ ಮೂಲೆ ಬಿಟ್ಟು ಎರಡು ಹೆಜ್ಜೆ ಈಚೆ ನಿಂತಿದ್ದ. ಅಲ್ಲಿ ನಿಂತಿದ್ದ ಹುಡುಗಿಯ ಕತ್ತಿನ ಮೇಲೆ ಹನಿ ಬಿತ್ತು, ಅವಳು ಕಿಟಾರನೆ ಕಿರುಚಿದಳು. ಹನಿ ಅಂತ ತಿಳಿದು ಎಲ್ಲರೂ ನಕ್ಕೆವು. ಆದರೆ ನಗು ನಿಂತ ಮೇಲೆ ಒಬ್ಬರಿಗೊಬ್ಬರು ಹತ್ತಿರ ಸರಿದಿದ್ದೆವು.

ಈಗ ಚಳಿ ಹೆಚ್ಚಾಗುತ್ತಿದೆಯಾ, ಅಂತ ಆತ ಕೇಳಿದ. ಹೌದು ಹೌದು ಅಂದರು ನಾಲ್ಕೈದು ಜನ. ನಾನು ಜೇಬಿನಿಂದ ಥರ್ಮಾಮೀಟರ್ ತೆಗೆದು ನೋಡಿದೆ. ಹೊರಗೆ 7 ಡಿಗ್ರಿ ತೋರಿಸಿದ್ದು ಒಳಗೆ 11 ತೋರಿಸುತ್ತಿತ್ತು. ಅಕ್ಕನಿಗೆ ತೋರಿಸಿದೆ. “ಅದು ಮಗು ರೂಮಿಂದು, ದೆವ್ವಕ್ಕೆ ಅಲ್ಲ. ಒಳಗಿಡು” ಅಂತ ಗದರಿದಳು.

ಇದೇ ನೆಲಮಾಳಿಗೆಗಳಲ್ಲಿ 2001ರಲ್ಲಿ ಮನಶ್ಶಾಸ್ತ್ರಜ್ಞ ರಿಚರ್ಡ್ ವೈಸ್‌ಮನ್ ಒಂದು ಪರೀಕ್ಷೆ ನಡೆಸಿದ್ದರು. ಇನ್ನೂರಕ್ಕೂ ಹೆಚ್ಚು ಸ್ವಯಂಸೇವಕರನ್ನು ಬೇರೆ ಬೇರೆ ಕೋಣೆಗಳಿಗೆ ಕಳಿಸಿ, ಏನನ್ನಿಸಿತು ಅಂತ ಬರೆಸಿಕೊಂಡರು. ದೆವ್ವದ ಹೆಸರು ಹೊತ್ತ ಕೋಣೆಗಳಲ್ಲೇ ಹೆಚ್ಚು ಜನರಿಗೆ ಏನೋ ಆಗಿತ್ತು. ಯಾವ ಕೋಣೆಗೆ ಆ ಹೆಸರಿದೆ ಅಂತ ಮೊದಲೇ ಗೊತ್ತಿಲ್ಲದವರಿಗೂ! ಹಾಗಾದರೆ ಎಲ್ಲವೂ ಗೈಡಿನ ಮಾತಿನ ಮೋಡಿ ಅಂತ ಕೈತೊಳೆದುಕೊಳ್ಳುವ ಹಾಗಿಲ್ಲ. ವೈಸ್‌ಮನ್ ಕೊಟ್ಟ ಕಾರಣ ಕೋಣೆಗಳೇ: ಅವುಗಳ ಗಾತ್ರ, ಎತ್ತರ, ಬೆಳಕು. ಕೆಲವು ಜಾಗ ಮನುಷ್ಯನನ್ನು ಸುಮ್ಮನೆ ಕಸಿವಿಸಿಗೊಳಿಸುತ್ತವೆ, ಹೆಸರು ಆಮೇಲೆ ಅಂಟಿಕೊಳ್ಳುತ್ತದೆ. ನಂಬದ ನಮ್ಮ ಕಡೆಯವರಿಗೂ ಒಂದು ದೆವ್ವ ಇದೆ, ಅದು ಇನ್‌ಫ್ರಾಸೌಂಡ್, ಅಂದರೆ ಕಿವಿಗೆ ಸಿಗದಷ್ಟು ತಗ್ಗಿನ ಸದ್ದು. 1998ರಲ್ಲಿ ವಿಕ್ ಟ್ಯಾಂಡಿ ಎಂಬ ಎಂಜಿನಿಯರ್, ತನ್ನ ಲ್ಯಾಬಿನಲ್ಲಿ ಕಂಡ ಬೂದು ಆಕೃತಿಗೆ ಕಿವಿಗೆ ಕೇಳಿಸದ 19 ಹರ್ಟ್ಸ್ ಆಸುಪಾಸಿನ ಸದ್ದೇ ಕಾರಣ, ಅದು ಬಂದದ್ದು ಒಂದು ಫ್ಯಾನಿನಿಂದ, ಅಂತ ಬರೆದರು. ಅಂದಿನಿಂದ ಎಲ್ಲ ಭೂತಬಂಗಲೆಗೂ ಅದೇ ಉತ್ತರ. 2009ರಲ್ಲಿ ಮನಶ್ಶಾಸ್ತ್ರಜ್ಞ ಕ್ರಿಸ್ಟೋಫರ್ ಫ್ರೆಂಚ್ ಮತ್ತು ಸಂಗಡಿಗರು ಬೇಕೆಂದೇ ಒಂದು ‘ದೆವ್ವದ ಕೋಣೆ’ ಕಟ್ಟಿ ಆ ಸದ್ದು ಬಿಟ್ಟು ನೋಡಿದರೆ, ಸದ್ದು ಇದ್ದರೂ ಇಲ್ಲದಿದ್ದರೂ ವ್ಯತ್ಯಾಸ ಕಾಣಲಿಲ್ಲ. ಅದನ್ನು ಮಾತ್ರ ನಮ್ಮವರು ಅಷ್ಟಾಗಿ ಎತ್ತುವುದಿಲ್ಲ.

ಅಲ್ಲಿಂದ ಗ್ರೇಫ್ರೈಯರ್ಸ್ ಸ್ಮಶಾನಕ್ಕೆ ನಡೆದೆವು. ಕೆಲವು ಗೋರಿಗಳ ಮೇಲೆ ಕಬ್ಬಿಣದ ಪಂಜರ ಕೂರಿಸಿದ್ದಾರೆ. ಹೆಣ ಎದ್ದು ಬರದಿರಲಿ ಅಂತ ಹಾಕಿದ್ದು ಅಂತ ನಮ್ಮ ಗುಂಪಿನವನೊಬ್ಬ ತನ್ನ ಗೆಳತಿಗೆ ಪಿಸುಗುಟ್ಟುತ್ತಿದ್ದ. ಇರುವ ವಿಷಯ ಬೇರೆ: ವೈದ್ಯಕೀಯ ಕಾಲೇಜುಗಳಿಗೆ ಹೆಣ ಮಾರುವ ಕಳ್ಳರು ಹೊರಗಿನಿಂದ ಅಗೆಯದಿರಲಿ ಅಂತ. ಇದೇ ಊರಿನಲ್ಲಿ 1828ರಲ್ಲಿ ಬರ್ಕ್ ಮತ್ತು ಹೇರ್ ಎಂಬಿಬ್ಬರು ಅಗೆಯುವ ಶ್ರಮವೂ ಬೇಡವೆಂದು 16 ಜನರನ್ನು ಕೊಂದು, ಹೆಣಗಳನ್ನು ಅಂಗರಚನೆ ಪಾಠ ಹೇಳುವ ಡಾಕ್ಟರ್ ರಾಬರ್ಟ್ ನಾಕ್ಸ್‌ಗೆ ಮಾರಿದ್ದರು.

ಸ್ಮಶಾನದ ಮುಖ್ಯ ದೆವ್ವ ಸರ್ ಜಾರ್ಜ್ ಮೆಕೆಂಜಿ, 1691ರಲ್ಲಿ ತೀರಿಕೊಂಡ ಸರ್ಕಾರಿ ವಕೀಲ. ಚರ್ಚಿನ ಮೇಲೆ ರಾಜನ ಯಜಮಾನಿಕೆ ಒಪ್ಪುವುದಿಲ್ಲ ಎಂದು 1638ರಲ್ಲಿ ಇದೇ ಗ್ರೇಫ್ರೈಯರ್ಸ್‌ನಲ್ಲಿ ಜನ ಒಂದು ಕರಾರಿಗೆ ಸಹಿ ಹಾಕಿದ್ದರು. ಅದಕ್ಕೆ ಕಟ್ಟುಬಿದ್ದವರೇ ಕವೆನಂಟರ್‌ಗಳು. 1679ರ ಬಾತ್‌ವೆಲ್ ಬ್ರಿಗ್ ಕಾಳಗದಲ್ಲಿ ಸೋತ ಅವರಲ್ಲಿ ಸುಮಾರು 1200 ಜನರನ್ನು ತಂದು ಸ್ಮಶಾನಕ್ಕೆ ಹೊಂದಿಕೊಂಡ ಬಯಲಲ್ಲಿ ಕೂಡಿಹಾಕಿದರು. ತಲೆಯ ಮೇಲೆ ಸೂರಿಲ್ಲ. ತಪ್ಪೊಪ್ಪಿ ಸಹಿ ಹಾಕಿದವರನ್ನು ಬಿಟ್ಟರು, ಕೆಲವರು ಸತ್ತರು. ಕೊನೆಗೆ ಉಳಿದ ಸುಮಾರು 250 ಜನರನ್ನು ಗಡೀಪಾರು ಮಾಡಲು ಹಡಗು ಹತ್ತಿಸಿದರು. ಆ ಹಡಗು ಡಿಸೆಂಬರಿನಲ್ಲಿ ಆರ್ಕ್ನಿ ದ್ವೀಪಗಳ ಬಳಿ ಒಡೆದು ಹೆಚ್ಚಿನವರು ಮುಳುಗಿದರು. ಈ ಕವೆನಂಟರ್‌ಗಳ ಮೇಲೆ ಮೊಕದ್ದಮೆ ಹೂಡಿ ‘ರಕ್ತದ ಮೆಕೆಂಜಿ’ ಅಂತ ಹೆಸರು ಪಡೆದವನು ಈತ. ವಕೀಲರಿಗಾಗಿ ಈತ ಶುರು ಮಾಡಿದ ಗ್ರಂಥಾಲಯವೇ ಇಂದಿನ ಸ್ಕಾಟ್ಲೆಂಡ್ ರಾಷ್ಟ್ರೀಯ ಗ್ರಂಥಾಲಯಕ್ಕೆ ಮೂಲ ಅನ್ನುವುದನ್ನು ಟೂರಿನಲ್ಲಿ ಯಾರೂ ಹೇಳಲಿಲ್ಲ. ಪುಸ್ತಕ ಕೂಡಿಡುವ ದೆವ್ವ ಯಾರಿಗೆ ಬೇಕು?

ಗೈಡ್ ಹೇಳಿದ ಪ್ರಕಾರ, 1990ರ ದಶಕದ ಕೊನೆಯಲ್ಲಿ ಒಬ್ಬ ನಿರ್ಗತಿಕ ಮಳೆಗೆ ಆಸರೆ ಹುಡುಕಿ ಮೆಕೆಂಜಿಯ ಗೋರಿ ಮಂಟಪದೊಳಗೆ ನುಗ್ಗಿದ ಮೇಲೆ ಈ ಪರಚಾಟ ಶುರುವಾಗಿದ್ದು. ಬೀಗ ಹಾಕಿದ ಗೇಟು ತೆಗೆದು ನಮ್ಮನ್ನು ಕವೆನಂಟರ್‌ಗಳ ಸೆರೆಮನೆ ಅನ್ನುವ ಭಾಗಕ್ಕೆ ಬಿಟ್ಟ. ಎರಡೂ ಕಡೆ ಸಾಲು ಗೋರಿಮನೆಗಳು. ಅಲ್ಲೊಂದರ ಒಳಗೆ ನಮ್ಮನ್ನೆಲ್ಲ ತುಂಬಿಸಿ ಟಾರ್ಚ್ ಆರಿಸಿದ. ಕಥೆ ಹೇಳುತ್ತಾ ಹೇಳುತ್ತಾ ದನಿ ಎಷ್ಟು ಇಳಿಸಿದನೆಂದರೆ, ಕೇಳಿಸಿಕೊಳ್ಳಲು ಎಲ್ಲರೂ ಮುಂದಕ್ಕೆ ಬಾಗಿದೆವು. ಆಗ ಹಿಂದಿನಿಂದ ಮುಖವಾಡದ ಒಬ್ಬ ‘ಹಾ!’ ಅಂತ ಹಾರಿದ.

ನಾನು ಎದ್ದುಬಿದ್ದು ಕೂಗಿದೆ. ಬೆಚ್ಚಿಬೀಳುವುದಕ್ಕೆ ನಂಬಿಕೆಯ ಅಪ್ಪಣೆ ಬೇಕಿಲ್ಲ, ಮೈ ತಾನೇ ಮಾಡಿಕೊಳ್ಳುತ್ತದೆ. ಅಕ್ಕ ಮಾತ್ರ ಅಲುಗಲಿಲ್ಲ. “ಬರುವಾಗಲೇ ಕಂಬದ ಹಿಂದೆ ಅವನ ಬಿಳಿ ಶೂ ಕಾಣಿಸ್ತು” ಅಂದಳು.

ಹೊರಗೆ ಬಂದ ಮೇಲೆ ಅವಳು ಗೈಡನ್ನು ಹಿಡಿದುಕೊಂಡಳು. ಮೊದಲ ಪ್ರಶ್ನೆ: ಮೆಕೆಂಜಿಯ ಗೋರಿ ಆ ಕಡೆ ಇದೆ, ಗುಮ್ಮಟ ಕಾಣಿಸುತ್ತಿದೆ, ಅವನು ಇಲ್ಲಿಗೆ ಯಾಕೆ ಬಂದು ಪರಚುತ್ತಾನೆ? ಎರಡನೆಯದು: ಈ ಗೋರಿಮನೆಗಳು ಕೈದಿಗಳ ಕಾಲದವಾ? ಅಲ್ಲ, ಆಮೇಲೆ ಕಟ್ಟಿದ್ದು ಅಂತ ಆತ ಒಪ್ಪಿದ. ಮೂರನೆಯದನ್ನು ಅವಳು ನನ್ನ ಕಡೆ ತಿರುಗಿ ಕನ್ನಡದಲ್ಲೇ ಕೇಳಿದಳು: “ಅಲ್ಲ ಕಣೋ, ಚಳೀಲಿ ನಡುಗಿ ಸತ್ತವರು ಇವರು. ಹಾಸಿಗೆ ಮೇಲೆ ಸತ್ತವನು ಅವನು. ಕೊಂದವನು ಯಾಕೋ ದೆವ್ವ ಆಗ್ತಾನೆ? ಅವನಿಗೆ ಏನು ಬಾಕಿ ಇದೆ?”

ದೆವ್ವಕ್ಕೂ ಒಂದು ನ್ಯಾಯ ಇರಬೇಕು ಅನ್ನುವುದು ಅವಳ ವಾದ. ಆಸೆ ತೀರದವರು, ಅನ್ಯಾಯವಾದವರು ಬರಬೇಕು. ಬಂದು ಏನಾದರೂ ಕೇಳಬೇಕು. ಟಿಕೆಟ್ ಕೊಂಡವರ ಹೊಟ್ಟೆ ಪರಚಿ ಹೋಗುವುದು ಯಾವ ಸೀಮೆ ದೆವ್ವ? ನಾನು ಇಷ್ಟು ವರ್ಷ ದೆವ್ವ ಇದೆಯೋ ಇಲ್ಲವೋ ಎಂಬ ಒಂದೇ ಪ್ರಶ್ನೆ ಹಿಡಿದುಕೊಂಡು ಕೂತಿದ್ದವನು. ಅವಳಿಗೆ ಅದು ಪ್ರಶ್ನೆಯೇ ಅಲ್ಲದ್ದರಿಂದ, ನನಗಿಂತ ಒಳ್ಳೆಯ ಪ್ರಶ್ನೆ ಅವಳಿಗೆ ಸಿಕ್ಕಿತ್ತು.

ಅವಳ ಮಾತನ್ನು ನಾನು ಗೈಡಿಗೆ ಇಂಗ್ಲಿಷಿನಲ್ಲಿ ಹೇಳಿದೆ. ಆತ ಕೋಟಿನ ಕಾಲರ್ ಸರಿಮಾಡಿಕೊಂಡು, ಕಥೆಯ ದನಿ ಬಿಟ್ಟು ಮಾಮೂಲಿ ದನಿಯಲ್ಲಿ ಉತ್ತರ ಕೊಟ್ಟ. ಕೈದಿಗಳ ದೆವ್ವ ಅಂದರೆ ಜನಕ್ಕೆ ಅಯ್ಯೋ ಪಾಪ ಅನ್ನಿಸುತ್ತದೆ, ಭಯ ಆಗುವುದಿಲ್ಲ. ಬಂದವರಿಗೆ ಬೇಕಾದದ್ದು ಭಯ. ಅದಕ್ಕೆ ಒಬ್ಬ ಕೆಟ್ಟವನು ಬೇಕು, ಹೆಸರಿರುವವನು ಬೇಕು. ಕೈದಿಗಳ ಹೆಸರು ಯಾರಿಗೆ ನೆನಪಿದೆ?

ಅಕ್ಕನಿಗೆ ಸಮಾಧಾನವಾಗಲಿಲ್ಲ. ಮಾರನೇ ದಿನ ಬೆಳಿಗ್ಗೆ ಮಗುವನ್ನೂ ಕರೆದುಕೊಂಡು ಮತ್ತೆ ಅದೇ ಸ್ಮಶಾನಕ್ಕೆ ಹೊರಟಳು. ಹಗಲಲ್ಲಿ ಅದು ಜನ ನಾಯಿ ತಿರುಗಾಡಿಸುವ, ಬೆಂಚಿನ ಮೇಲೆ ಕೂತು ಸ್ಯಾಂಡ್‌ವಿಚ್ ತಿನ್ನುವ ಜಾಗ. ಗೋಡೆಗೆ ಹೊಂದಿಕೊಂಡು ಕವೆನಂಟರ್ ಹುತಾತ್ಮರ ಸ್ಮಾರಕ ಇದೆ. ರಾತ್ರಿ ಅದರ ಹತ್ತಿರ ನಮ್ಮನ್ನು ನಿಲ್ಲಿಸಿರಲಿಲ್ಲ. ಅಕ್ಕ ಹಳೇ ಇಂಗ್ಲಿಷನ್ನು ಬೆರಳಿಟ್ಟು ಓದಿದಳು. 1661ರಿಂದ 1688ರವರೆಗೆ ಈ ನಂಬಿಕೆಗಾಗಿ ಒಂದಲ್ಲ ಒಂದು ರೀತಿಯಲ್ಲಿ ಸುಮಾರು 18,000 ಜನ ಹಾಳಾದರು, ಎಡಿನ್‌ಬರ್ಗ್‌ನಲ್ಲಿ ಮರಣದಂಡನೆಯಾದವರೇ ಸುಮಾರು ನೂರು, ಎಂದಿದೆ.

“ಹದಿನೆಂಟು ಸಾವಿರ ಜಾಸ್ತಿ ಆಯ್ತು ಅನ್ಸುತ್ತೆ” ಅಂದೆ.

“ಇದನ್ನೂ ನಂಬಲ್ವೇನೋ?”

“ನೂರು ನಂಬ್ತೀನಿ. ಹದಿನೆಂಟು ಸಾವಿರಕ್ಕೆ ಲೆಕ್ಕ ಬೇಕು.”

“ಲೆಕ್ಕ ಇಡಬೇಕಾಗಿದ್ದವನೇ ಮೆಕೆಂಜಿ ಅಲ್ವಾ?” ಅಂದವಳು, ಮಳೆ ಹನಿಯಲು ಶುರುವಾಗಿದ್ದರಿಂದ ತಳ್ಳುಗಾಡಿಯ ಪ್ಲಾಸ್ಟಿಕ್ ಹೊದಿಕೆ ಎಳೆದು ಬಸ್‌ಸ್ಟಾಪಿನ ಕಡೆ ಹೊರಟಳು. ನಾನು ಬ್ಯಾಗ್ ಹಿಡಿದು ಹಿಂದೆ ನಡೆದೆ.